ಮರಿಸ್ವಾಮಣ್ಣನ ಸೆಟ್ಟಿಂಗು

ಮರಿಸ್ವಾಮಣ್ಣ ಅರ್ಧ ಗಂಟೆಯ ಆಟಕ್ಕೆ ಬಂದು ಕೂತರೆ ಮೊದಲ ಕಾಲು ಗಂಟೆ ಒಂದು ಗುಂಡನ್ನೂ ಹಾರಿಸುತ್ತಿರಲಿಲ್ಲ. ಪರದೆಯೊಳಗೆ, ಯಾರೂ ಇಲ್ಲದ ಅಭ್ಯಾಸದ ಬಯಲಿನಲ್ಲಿ ನಿಂತು, ಬಂದೂಕು ಹಿಡಿದ ಕೈಯನ್ನೇ ನೋಡುತ್ತಿದ್ದರು. ಎರಡು ಹೆಜ್ಜೆ ನಡೆಯುತ್ತಿದ್ದರು, ನಿಲ್ಲುತ್ತಿದ್ದರು, ಗೋಡೆಯ ಮೂಲೆಗೆ ಹೋಗಿ ಇಣುಕುತ್ತಿದ್ದರು, ಮತ್ತೆ ಸೆಟ್ಟಿಂಗ್ಸ್‌ಗೆ ಬಂದು ಆ ಕೈಯನ್ನು ಕೂದಲೆಳೆಯಷ್ಟು ಕೆಳಗಿಳಿಸುತ್ತಿದ್ದರು. ಅಷ್ಟರಲ್ಲಿ ಪಕ್ಕದ ಸೀಟಿನವರು ಮೂರು ಸಲ ಸತ್ತು ಮೂರು ಸಲ ಹುಟ್ಟಿರುತ್ತಿದ್ದರು.

ಚನ್ನಪಟ್ಟಣದ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ನನ್ನದೊಂದು ಕಂಪ್ಯೂಟರ್ ಸೆಂಟರ್ ಇದೆ. ಮುಂದೆ ಜೆರಾಕ್ಸ್, ಪಹಣಿ, ಅರ್ಜಿ ತುಂಬುವ ಕೆಲಸ. ಹಿಂದಿನ ಕೋಣೆಯಲ್ಲಿ ಆಟಕ್ಕೆಂದು ಆರು ಕಂಪ್ಯೂಟರು. ಮರಿಸ್ವಾಮಣ್ಣ ಶಾಲೆಯ ಮಕ್ಕಳ ವ್ಯಾನ್ ಓಡಿಸುತ್ತಿದ್ದರು. ವಯಸ್ಸು ಐವತ್ತು ದಾಟಿತ್ತು. ಬೆಳಿಗ್ಗೆ ಹಳ್ಳಿಗಳಿಂದ ಮಕ್ಕಳನ್ನು ತಂದು ಬಿಟ್ಟರೆ ಮಧ್ಯಾಹ್ನ ಮೂರೂವರೆಯವರೆಗೆ ಅವರಿಗೆ ಬಿಡುವು. ನಮ್ಮ ಮನೆ ಇರುವುದು ಸಾತನೂರು ರಸ್ತೆಯ ಒಂದು ಹಳ್ಳಿಯಲ್ಲಿ. ಮೂರನೇ ತರಗತಿಯ ನನ್ನ ಮಗಳು ಇಂಚರ ಅದೇ ವ್ಯಾನಿನಲ್ಲಿ ಓಡಾಡುತ್ತಿದ್ದಳು.

ಅವರು ಮೊದಲ ಸಲ ಬಂದದ್ದು ಲೈಸೆನ್ಸ್ ನವೀಕರಣದ ಅರ್ಜಿ ಹಾಕಿಸಲು. ಸರ್ವರ್ ಕೈಕೊಟ್ಟಿತ್ತು. ಕಾಯುತ್ತಾ ಹಿಂದಿನ ಕೋಣೆಗೆ ಹೋಗಿ ಇಮ್ತಿಯಾಜ್‌ನ ಬೆನ್ನ ಹಿಂದೆ ನಿಂತರು. ಇಮ್ತಿಯಾಜ್ ಬೊಂಬೆ ಕಾರ್ಖಾನೆಯಲ್ಲಿ ಕಡೆಯುವ ಕೆಲಸದವನು, ಮೂವತ್ತರ ಹತ್ತಿರದವನು, ಊಟದ ಬಿಡುವಿನಲ್ಲಿ ಬಂದು ಆಡುತ್ತಿದ್ದ. ಅವನು ಆಡುತ್ತಿದ್ದದ್ದು ಎಲ್ಲವೂ ಸೈನಿಕನ ಕಣ್ಣಿನಿಂದಲೇ ಕಾಣುವ ಬಂದೂಕಿನ ಆಟ. ಸೈನಿಕನ ಮುಖ ಕಾಣುವುದಿಲ್ಲ. ಪರದೆಯ ಕೆಳಗೆ ಬಲಮೂಲೆಯಲ್ಲಿ ಅವನ ಕೈ ಮತ್ತು ಬಂದೂಕು ಮಾತ್ರ ಕಾಣುತ್ತವೆ.

"ಏನ್ಲಾ, ನೀನು ಎಡಚ ಅಲ್ವೇನ್ಲಾ?" ಎಂದರು ಮರಿಸ್ವಾಮಣ್ಣ.

"ಹೌದಣ್ಣ. ಹೆಂಗೆ ಗೊತ್ತಾಯ್ತು?"

"ಟೀ ಲೋಟ ಎಡಗಡೆ ಇಟ್ಕಂಡಿದ್ದೀಯ. ಮತ್ತೆ ಒಳಗಿರೋನು ಯಾಕೆ ಬಲಗೈಲಿ ಹಿಡ್ದವ್ನೆ? ಸೀಟು ಸರಿ ಮಾಡ್ಕಳ್ದೆ ಗಾಡಿ ಎತ್ತಬಾರ್ದು ಕಣ್ಲಾ."

ಅದನ್ನು ಬದಲಾಯಿಸಬಹುದೆಂದು ಇಮ್ತಿಯಾಜ್‌ಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಮೂವರೂ ಸೇರಿ ಹುಡುಕಿದೆವು. ಒಂದು ಕಡೆ ಒತ್ತಿದಾಗ ಕೈ, ಬಂದೂಕು ಎರಡೂ ಪರದೆಯ ಎಡಮೂಲೆಗೆ ಬಂದು ನಿಂತವು. ಇಮ್ತಿಯಾಜ್ ಸ್ವಲ್ಪ ಹೊತ್ತು ಆಡಿ ಹೇಳಿದ: "ಇಷ್ಟ್ ದಿನ ಇನ್ಯಾರ್ದೋ ಕೈ ಇಟ್ಕೊಂಡು ಆಡ್ತಾ ಇದ್ನಲ್ಲಣ್ಣ."

ಅಂದಿನಿಂದ ಮರಿಸ್ವಾಮಣ್ಣ ದಿನವೂ ಬರತೊಡಗಿದರು. ಆಟದಲ್ಲಿ ಅವರೇನೂ ನಿಸ್ಸೀಮರಾಗಲಿಲ್ಲ. ಅವರಿಗೆ ಇಷ್ಟವಾಗಿದ್ದದ್ದು ಹೊಂದಿಸುವ ಕೆಲಸ. ಕೈ ಎಷ್ಟು ಮುಂದಿರಬೇಕು, ನಡೆಯುವಾಗ ಬಂದೂಕು ಎಷ್ಟು ಅಲುಗಬೇಕು, ನೋಟದ ಅಗಲ ಎಷ್ಟಿರಬೇಕು ಎಂದು ಪ್ರತಿಯೊಬ್ಬರಿಗೂ ಬೇರೆ ಬೇರೆ ಮಾಡಿಕೊಡುತ್ತಿದ್ದರು. "ಒಸಿ ತೂಗ್ತೈತೆ, ನಿಲ್ಸು. ಗುಂಡಿ ಬಿದ್ದ ರೋಡ್ನಾಗೆ ಹೋದಂಗಾಯ್ತದೆ." "ನೋಟ ಅಗಲ ಮಾಡ್ದಷ್ಟೂ ಎದುರಿಗಿರೋನು ಸಣ್ಣ ಆಗ್ತಾನೆ. ಎಲ್ಡೂ ಬೇಕು ಅಂದ್ರೆ ಸಿಗಾಕಿಲ್ಲ." ವ್ಯಾನಿನಲ್ಲೂ ಅವರು ಹೀಗೇ ಎಂದು ಇಂಚರ ಹೇಳುತ್ತಿದ್ದಳು. ಕನ್ನಡಿಗಳನ್ನು ಒರೆಸಿ, ತಿರುಗಿಸಿ, ಮಕ್ಕಳನ್ನು ಒಬ್ಬೊಬ್ಬರಾಗಿ ಎಣಿಸಿದ ಮೇಲೆಯೇ ಕೀ ತಿರುಗಿಸುತ್ತಿದ್ದರಂತೆ.

ನನ್ನ ಅಂಗಡಿಯ ಕಂಪ್ಯೂಟರುಗಳು ಆರಿಸಿ ಹಚ್ಚಿದರೆ ಎಲ್ಲವನ್ನೂ ಮರೆಯುತ್ತವೆ. ವೈರಸ್ ಬಾರದಿರಲೆಂದು ನಾನೇ ಹಾಗೆ ಮಾಡಿಸಿದ್ದೆ. ಹಾಗಾಗಿ ಪ್ರತಿಯೊಬ್ಬರ ಸೆಟ್ಟಿಂಗನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟು, ಅವರು ಬಂದಾಗ ಮತ್ತೆ ತುಂಬಿಕೊಡುತ್ತಿದ್ದೆ. ಮರಿಸ್ವಾಮಣ್ಣನ ಪುಟದಲ್ಲಿ ಒಂದೂವರೆ ವರ್ಷದಲ್ಲಿ ಹೆಚ್ಚಿನ ಬದಲಾವಣೆ ಇರಲಿಲ್ಲ. ಬಲಗೈ, ಸ್ವಲ್ಪ ಕೆಳಗೆ, ಅಲುಗಾಟ ಇಲ್ಲ.

ಈಗ ಹೇಳಬೇಕಾದದ್ದು ದಸರಾ ರಜೆಯ ನಂತರದ ದಿನಗಳ ವಿಷಯ. ಆ ಪುಟ ನನ್ನ ಮುಂದೆಯೇ ಇರುವುದರಿಂದ ಕ್ರಮ ತಪ್ಪದೆ ಹೇಳಬಲ್ಲೆ.

ರಜೆಯಲ್ಲಿ ಅವರಿಗೆ ಎರಡು ದಿನ ವಿಪರೀತ ತಲೆನೋವು ಬಂದಿತ್ತು. ಪಿತ್ತ ಅಂದುಕೊಂಡು ಮಲಗಿ ಎದ್ದಿದ್ದರು. ಶಾಲೆ ಶುರುವಾದ ಮೊದಲ ದಿನವೇ ಅವರು ಬಂದೂಕನ್ನು ಎಡಗೈಗೆ ಹಾಕಿಸಿದರು. "ಬಲಗಡೆಯಿಂದ ಬರೋರು ಗೊತ್ತೇ ಆಗ್ತಿಲ್ಲ ಕಣ್ ರತ್ನವ್ವ. ಬಂದೂಕು ಅಡ್ಡ ಬತ್ತೈತೆ." ನಾಲ್ಕನೇ ದಿನ ನೋಟದ ಅಗಲ ಹೆಚ್ಚಿಸಿದರು. ಒಂಬತ್ತನೇ ದಿನ ಅದನ್ನು ಕೊನೆಯವರೆಗೂ ಎಳೆದರು. ಪರದೆಯ ಅಂಚಿನ ಕಟ್ಟಡಗಳೆಲ್ಲ ಬಾಗಿ ನಿಂತವು. ಹದಿನಾಲ್ಕನೇ ದಿನ ಕೈಯನ್ನೂ ಬಂದೂಕನ್ನೂ ಪೂರ್ತಿ ಮರೆಮಾಡಿಸಿದರು. ಆದರೂ ಬಲಗಡೆಯಿಂದ ಬಂದವರು ಅವರನ್ನು ಹೊಡೆಯುತ್ತಲೇ ಇದ್ದರು.

ನಾನು ಪ್ರತಿಯೊಂದನ್ನೂ ಬರೆದುಕೊಂಡೆ. ಏನೂ ಅನ್ನಿಸಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಮರಿಸ್ವಾಮಣ್ಣ ಮಾಡಿದ್ದಾರೆಂದರೆ ಅದರಲ್ಲೇನೋ ಇದೆ ಎಂದು ಮಿಕ್ಕವರೂ ನಕಲು ಮಾಡಿದರು. ಬಲಗೈಯವರೆಲ್ಲ ಬಂದೂಕನ್ನು ಎಡಕ್ಕೆ ಹಾಕಿಸಿಕೊಂಡು, ನೋಟ ಅಗಲ ಮಾಡಿಕೊಂಡು ಆಡಿದರು. ಇಮ್ತಿಯಾಜ್ ನಗುತ್ತಿದ್ದ: "ಊರೇ ಎಡಚ ಆಗೋಯ್ತಲ್ಲಕ್ಕ. ಈಗ ನಾನು ಬಲಕ್ಕೆ ಹೋಗ್ಬೇಕಾ?" ನಾನೂ ನಕ್ಕೆ. ಅದೇ ದಿನಗಳಲ್ಲಿ ಮರಿಸ್ವಾಮಣ್ಣ ಬಾಗಿಲ ಚೌಕಟ್ಟಿಗೆ ಬಲಭುಜ ತಾಗಿಸಿಕೊಂಡದ್ದನ್ನು ನೋಡಿದ್ದೆ. ಪೇಪರಿನ ಸಾಲು ಓದುತ್ತಾ ನಡುವೆ ನಿಂತು, "ಒಸಿ ಓದವ್ವ, ಕನ್ನಡಕ ಬದಲಾಯಿಸ್ಬೇಕು" ಎಂದದ್ದನ್ನು ಕೇಳಿದ್ದೆ. ಎಲ್ಲವೂ ನನ್ನ ಕಣ್ಣ ಮುಂದೆಯೇ ನಡೆಯಿತು.

ಹತ್ತೊಂಬತ್ತನೇ ದಿನ, ಮಧ್ಯಾಹ್ನ ಎರಡು ಗಂಟೆ ದಾಟಿರಬೇಕು, "ಟೀ ಅಣ್ಣ" ಎಂದು ಅವರ ಬಲಕ್ಕೆ ಲೋಟ ಇಟ್ಟೆ. ಕೇಳಿಸಿಕೊಂಡರು, ತಲೆಯಾಡಿಸಿದರು. ಸ್ವಲ್ಪ ಹೊತ್ತಿನ ನಂತರ, "ಟೀ ತತ್ತೀನಿ ಅಂದ್ಯಲ್ಲವ್ವ" ಎಂದರು. ಲೋಟ ಅವರ ಮೊಣಕೈಯಿಂದ ಒಂದು ಗೇಣು ದೂರದಲ್ಲಿ ಹಬೆಯಾಡುತ್ತಿತ್ತು.

ಆಗ ನನಗೆ ನೋಟ್‌ಬುಕ್ಕಿನ ಪುಟ ನೆನಪಾಯಿತು. ತೆಗೆದು ಮೊದಲಿನಿಂದ ಓದಿದೆ.

ಇಮ್ತಿಯಾಜ್‌ನನ್ನು ಕರೆದು ಕಿವಿಯಲ್ಲಿ ಹೇಳಿದೆ. ಅವನು ಇನ್ನೊಂದು ಕಂಪ್ಯೂಟರಿನಿಂದ ಅದೇ ಬಯಲಿಗೆ ಬಂದ. ನಾನು ಮರಿಸ್ವಾಮಣ್ಣನಿಗೆ, "ಅಣ್ಣ, ಒಂದು ಪರೀಕ್ಷೆ. ನಡುವಿನ ಗುರಿಯ ಚುಕ್ಕಿಯನ್ನೇ ನೋಡ್ತಾ ಇರಿ. ಅವನು ಕಂಡ ಕೂಡ್ಲೇ ಹೇಳಿ" ಎಂದೆ. ಇಮ್ತಿಯಾಜ್‌ನ ಸೈನಿಕ ಪರದೆಯ ಎಡ ಅಂಚಿನಿಂದ ನಿಧಾನವಾಗಿ ನಡೆದು ಬಂದ. ಅಂಚನ್ನು ಪೂರ್ತಿ ದಾಟುವ ಮೊದಲೇ "ಬಂದ" ಎಂದರು. ಆಮೇಲೆ ಬಲ ಅಂಚಿನಿಂದ ಬಂದ. ಕಾಲುಭಾಗ ಬಂದ, ಅರ್ಧ ಬಂದ. ಮರಿಸ್ವಾಮಣ್ಣ ಚುಕ್ಕಿಯನ್ನೇ ನೋಡುತ್ತಾ, "ಇನ್ನೂ ಹೊರಡ್ಲಿಲ್ವೇನ್ಲಾ?" ಎಂದರು. ಸೈನಿಕ ಚುಕ್ಕಿಗೆ ಎರಡು ಬೆರಳು ಉಳಿದಾಗ ಬೆಚ್ಚಿ ಹಿಂದೆ ಸರಿದರು.

ಅವನು ಕಂಡ ಜಾಗಕ್ಕೆ ನೇರವಾಗಿ, ಪರದೆಯ ಚೌಕಟ್ಟಿನ ಮೇಲೆ ಪೆನ್ಸಿಲಿನಲ್ಲಿ ಗೆರೆ ಎಳೆದೆ. ಮೂರು ಸಲ ಮಾಡಿದೆವು. ಮೂರು ಗೆರೆಗಳೂ ಒಂದರ ಪಕ್ಕದಲ್ಲಿ ಒಂದು ಬಿದ್ದವು.

"ಅಣ್ಣ, ಬಂದೂಕು ಅಡ್ಡ ಬರ್ತಾ ಇಲ್ಲ. ನಿಮಗೆ ಬಲಗಡೆ ಕಾಣಿಸ್ತಾ ಇಲ್ಲ" ಎಂದೆ.

"ಲೈಸೆನ್ಸ್‌ಗೆ ಕಣ್ ತೋರ್ಸಿವ್ನಿ. ಕೊನೇ ಸಾಲ್ನಾಗಿರೋ ಅಕ್ಷರಾನೂ ಓದಿವ್ನಿ."

"ಅದು ಹೋದ ವರ್ಷ. ಈಗ ಗೆರೆ ನೋಡಿ."

"ಇಪ್ಪತ್ತೆರಡು ವರ್ಷ ಆಯ್ತು ರತ್ನವ್ವ. ಒಂದು ಮಗೀಗೂ ತರಚಿಲ್ಲ."

"ಇವತ್ತು ವ್ಯಾನ್ ತೆಗೀಬೇಡಿ."

ಗಡಿಯಾರ ಎರಡೂ ಮುಕ್ಕಾಲು ತೋರಿಸುತ್ತಿತ್ತು. ಅವರು ಎದ್ದು ಹೊರಟೇಬಿಟ್ಟರೆ ಬಾಗಿಲಿಗೆ ಅಡ್ಡ ನಿಲ್ಲುವುದೆಂದು ಲೆಕ್ಕ ಹಾಕಿದ್ದೆ. ನಿಲ್ಲುವ ಧೈರ್ಯ ಇತ್ತೋ ಇಲ್ಲವೋ ಈಗಲೂ ಹೇಳಲಾರೆ. ಮರಿಸ್ವಾಮಣ್ಣ ತಮ್ಮ ಬಲಗೈಯನ್ನು ಮುಖದ ಪಕ್ಕಕ್ಕೆ ತಂದು ಬೆರಳು ಆಡಿಸಿದರು. ಒಂದು ಕಣ್ಣು ಮುಚ್ಚಿ ನೋಡಿದರು, ಇನ್ನೊಂದು ಮುಚ್ಚಿ ನೋಡಿದರು. ಆಮೇಲೆ ಜೇಬಿನಿಂದ ವ್ಯಾನಿನ ಕೀ ತೆಗೆದು ಕೀಬೋರ್ಡಿನ ಮೇಲಿಟ್ಟು ಫೋನ್ ಹಿಡಿದರು.

ಹದಿನಾಲ್ಕು ಮನೆಗಳಿಗೆ ಅವರೇ ಫೋನ್ ಮಾಡಿದರು. ಟೈರ್ ಪಂಕ್ಚರ್ ಅನ್ನಬಹುದಿತ್ತು. ಅನ್ನಲಿಲ್ಲ. "ನಾನು ಮರಿಸ್ವಾಮಿ, ವ್ಯಾನ್ ಡ್ರೈವರ್ರು. ನಂಗೆ ಬಲಗಡೆ ಕಣ್ ಕಾಣ್ತಿಲ್ಲ. ಇವತ್ತು ಮಗೀನ ನೀವೇ ಬಂದು ಕರ್ಕಂಡ್ ಹೋಗಿ. ನಾಳೀಕೂ ನಾನ್ ಬರಾಕಿಲ್ಲ." ಹದಿನಾಲ್ಕು ಸಲ ಅದೇ ಮಾತು, ಅದೇ ದನಿ. ಒಬ್ಬರು ಬೈದರೆಂದು ಕಾಣುತ್ತದೆ. "ಹೂಂ ಕಣಪ್ಪ, ನಿಜ" ಎಂದು ಪೂರ್ತಿ ಕೇಳಿಸಿಕೊಂಡೇ ಇಟ್ಟರು.

ರಾಮನಗರದ ಕಣ್ಣಿನ ಡಾಕ್ಟರು ಎರಡೂ ಕಣ್ಣು ಚೆನ್ನಾಗಿವೆ ಎಂದರು. ತೊಂದರೆ ಇದ್ದದ್ದು ತಲೆಯಲ್ಲಿ, ಸ್ಕ್ಯಾನ್ ಮಾಡಿಸಿದಾಗ ಗೊತ್ತಾಯಿತು. ರಜೆಯ ಆ ತಲೆನೋವಿನಲ್ಲಿ ಮೆದುಳಿನ ಒಂದು ಸಣ್ಣ ರಕ್ತನಾಳ ಕಟ್ಟಿಕೊಂಡು, ಎರಡೂ ಕಣ್ಣುಗಳ ನೋಟದ ಬಲಭಾಗ ಅಳಿಸಿಹೋಗಿತ್ತು. ಅಲ್ಲಿ ಕತ್ತಲೆಯೂ ಕಾಣುವುದಿಲ್ಲವಂತೆ, ಏನೂ ಇಲ್ಲದಂತೆ ಇರುತ್ತದಂತೆ. ಹಾಗಾಗಿ ಎಷ್ಟೋ ಜನರಿಗೆ ಗೊತ್ತೇ ಆಗುವುದಿಲ್ಲ. ಮಾತ್ರೆ ಕೊಟ್ಟರು. ಮತ್ತೊಮ್ಮೆ ಆಗಬಹುದು, ಜೋಪಾನ ಎಂದರು.

ನಾಲ್ಕು ದಿನ ಬಿಟ್ಟು ಅವರ ಮನೆಗೆ ಹೋದೆ. ಅವರ ಹೆಂಡತಿ ಜಯಮ್ಮ ಕಾಫಿ ಕೊಟ್ಟು ಒಳಗೆ ಹೋದರು. ಮರಿಸ್ವಾಮಣ್ಣ ಆಟದ ಮಾತೆತ್ತಲಿಲ್ಲ, ಕೆಲಸದ ಮಾತೂ ಎತ್ತಲಿಲ್ಲ.

"ಹತ್ತೊಂಬತ್ತು ದಿನ ಓಡ್ಸಿವ್ನಿ ಕಣವ್ವ," ಎಂದರು. "ಮಕ್ಕಳಿಗೇನೂ ಆಗಿಲ್ಲ, ಅದು ಗೊತ್ತು. ಬಲಗಡೆ ಯಾರಿಗಾರ ಏನಾರ ಆಗೈತಾ, ಅದು ನಂಗೊತ್ತಿಲ್ಲ. ಆ ದಾರೀಲಿ ಒಸಿ ವಿಚಾರಿಸ್ಕಂಡ್ ಬರ್ತೀಯಾ?"

ನನಗೆ ಬೇಡವೆನಿಸಿತು. "ಏನೂ ಆಗಿರಲ್ಲ ಬಿಡಿ ಅಣ್ಣ" ಎಂದೆ.

"ಆಗಿರಾಕಿಲ್ಲ ಅಂತ ನಾನೂ ಹೇಳ್ಕಬೋದು. ನೀನು ಬರ್ಕಳೋಳು, ಸರಿಯಾಗಿ ಕೇಳ್ತೀಯ. ಅದ್ಕೇ ನಿನ್ನ ಕೇಳ್ತಾ ಇವ್ನಿ."

ಭಾನುವಾರ ಸ್ಕೂಟರಿನಲ್ಲಿ ವ್ಯಾನಿನ ದಾರಿಯುದ್ದಕ್ಕೂ ಹೋದೆ. ಪ್ರತಿ ಕೂಡುರಸ್ತೆಯಲ್ಲೂ ನಿಲ್ಲಿಸಿ ಕೇಳಿದೆ. ನಮ್ಮ ಊರು ದಾಟಿದ ಮೇಲೆ, ಇಂಚರ ಇಳಿದ ನಂತರ ವ್ಯಾನು ಬಲಕ್ಕೆ ಹೊರಳುವ ಒಂದು ತಿರುವಿದೆ. ಅಲ್ಲಿ ಪೆಟ್ಟಿಗೆ ಅಂಗಡಿ ಇಟ್ಟಿರುವ ಅಜ್ಜಿ ಹೇಳಿದಳು: "ಆಗಿತ್ತಲ್ಲವ್ವ. ಡೈರಿಗೆ ಹಾಲು ತಕ್ಕಂಡ್ ಹೋಗೋನೊಬ್ಬ ಬೈಕ್ನಾಗೆ ವ್ಯಾನಿನ ಬಲಕ್ಕೆ ಬಂದ. ವ್ಯಾನಿನೋನು ನೋಡ್ದೆ ತಿರುಗಿಸ್ಬುಟ್ಟ. ಹಾಲಿನೋನು ಗಾಡಿ ಸಮೇತ ಚರಂಡಿಗೆ ಬಿದ್ದ. ಮಂಡಿ ಕಿತ್ತೋಗಿತ್ತು. ಈಗ ಓಡಾಡ್ತಾವ್ನೆ." ವ್ಯಾನು ನಿಂತುಹೋಗುವುದಕ್ಕೆ ಹಿಂದಿನ ದಿನ ನಡೆದದ್ದು ಅದು.

ಸಂಜೆ ಅವಳು ಹೇಳಿದ್ದನ್ನು ಹೆಚ್ಚು ಕಡಿಮೆ ಮಾಡದೆ ಮರಿಸ್ವಾಮಣ್ಣನಿಗೆ ಹೇಳಿದೆ. ಕಣ್ಣು ಮುಚ್ಚಿ ಕೇಳಿಸಿಕೊಂಡರು.

"ಹೆಸ್ರು ಕೇಳ್ದಾ?"

"ಇಲ್ಲಣ್ಣ, ಮರೆತೆ."

"ಕೇಳ್ಕಂಡ್ ಬಾ. ಹೋಗಿ ಅವನ ಮುಂದೆ ನಿಂತ್ಕಬೇಕು. ಹೆಸ್ರೂ ಗೊತ್ತಿಲ್ದೆ ಏನಂತ ಮಾತಾಡ್ಸನ?"

ಸೋಮವಾರ ಅಂಗಡಿ ಮುಚ್ಚಿ ಮನೆಗೆ ಹೋಗುವಾಗ ಅಜ್ಜಿಯನ್ನು ಕೇಳಿದೆ. ನಿಂಗರಾಜು ಎಂದಳು. ಬರೆದುಕೊಂಡೆ. ಮಂಗಳವಾರ ಬೆಳಿಗ್ಗೆ ಮರಿಸ್ವಾಮಣ್ಣನ ಬೀದಿಗೆ ತಿರುಗಿದಾಗ ಮನೆಯ ಮುಂದೆ ಜನ ನಿಂತಿದ್ದರು. ಬೆಳಗಿನ ಜಾವ ಹಲ್ಲುಜ್ಜಲು ಎದ್ದವರು ಬಚ್ಚಲ ಬಾಗಿಲಲ್ಲೇ ಕುಸಿದಿದ್ದರಂತೆ. ಜಯಮ್ಮ ನನ್ನ ಕೈ ಹಿಡಿದು, "ರತ್ನ ಬಂದ್ಲಾ ಅಂತ ರಾತ್ರಿ ಎರಡು ಸಲ ಕೇಳಿದ್ರು" ಎಂದರು.

ತಿಥಿ ಮುಗಿದ ಮೇಲೆ ಡೈರಿಯ ಹತ್ತಿರ ನಿಂಗರಾಜುವನ್ನು ಹುಡುಕಿಕೊಂಡು ಹೋದೆ. ನಲವತ್ತರ ಆಸುಪಾಸಿನವನು. ಇನ್ನೂ ಸ್ವಲ್ಪ ಕುಂಟುತ್ತಿದ್ದ. ಆ ಹಳದಿ ವ್ಯಾನಿನ ವಿಷಯ ಎಂದ ಕೂಡಲೇ ಅವನ ಮುಖ ಗಂಟಿಕ್ಕಿತು.

"ಆ ಡ್ರೈವರ್ರಾ? ತಿರುಗಿ ಕೂಡ ನೋಡ್ನಿಲ್ಲ ಕಣಕ್ಕ ಅವನು. ಎರಡು ಕ್ಯಾನ್ ಹಾಲು ಚರಂಡಿ ಪಾಲಾಯ್ತು. ಮಾರನೇ ದಿನ ಸಂಜೆಯಿಂದ ಒಂದ್ ವಾರ ಅದೇ ತಿರುವಿನಾಗೆ ಕಾದಿವ್ನಿ, ಇಳ್ಸಿ ಎರಡು ಬಿಡಣ ಅಂತ. ಬರ್ನೇ ಇಲ್ಲ."

ನಾನು ನಡೆದದ್ದನ್ನು ಮೊದಲಿನಿಂದ ಹೇಳಿದೆ. ಬಂದೂಕು ಎಡಗೈಗೆ ಹೋದದ್ದು, ಪೆನ್ಸಿಲ್ ಗೆರೆಗಳು, ಹದಿನಾಲ್ಕು ಫೋನು, ಅವರು ಅವನ ಹೆಸರು ಕೇಳಿಕೊಂಡು ಬರಲು ಹೇಳಿದ್ದು. ಹೆಸರು ಅವರಿಗೆ ತಲುಪದೆ ಹೋದದ್ದನ್ನೂ ಹೇಳಿದೆ. ಡೈರಿಯ ಮುಂದಿನ ಸಾಲು ಕರಗುತ್ತಾ ಬಂತು. ನಿಂಗರಾಜು ಬರಿದಾದ ಕ್ಯಾನಿನ ಮುಚ್ಚಳವನ್ನು ಬಿಗಿ ಮಾಡಿದ, ಬಿಚ್ಚಿದ, ಮತ್ತೆ ಬಿಗಿ ಮಾಡಿದ.

"ಬಲಗಡೆಯಿಂದ ನುಗ್ಗಿದ್ದು ನಾನೇ ಅಲ್ವಾ," ಎಂದ. "ಹಾರನ್ ಹೊಡೀಬೇಕಾಗಿತ್ತು."