ಸ್ಪ್ಯಾನಿಷಿನಲ್ಲಿ ಒಂದು ಒಡಪು

ಮಾರ್ಚ್ ತಿಂಗಳ ಎರಡನೆಯ ಗುರುವಾರ, ಸಂಜೆ ನಾಲ್ಕು ಗಂಟೆ. ಸ್ಥಳ, ಹೊಸಪೇಟೆಯ ಒಂದು ಕಾಲೇಜಿನ ಮಹಡಿಯ ಕೋಣೆ. ಹಾಜರಿದ್ದವರು: ಸ್ಪ್ಯಾನಿಷ್ ಕಲಿಸುವ ಸಂಡೂರಿನ ಮೇಷ್ಟ್ರು, ಪರೀಕ್ಷೆಗೆ ನನ್ನ ಜೋಡಿಯಾದ ಕಮಲಾಪುರದ ಹೆಣ್ಣುಮಗಳು, ಮತ್ತು ನಾನು. ಆಕೆಯ ಗಂಡ ಕೆಳಗೆ ಸ್ಕೂಟರಿನ ಮೇಲೆ ಕುಳಿತಿದ್ದರು. ಅವರನ್ನು ಹಾಜರಿಗೆ ಸೇರಿಸುವಂತಿಲ್ಲ.

ನಡೆಯಬೇಕಿದ್ದದ್ದು ಎರಡನೆಯ ಹಂತದ ಮೌಖಿಕ ಪರೀಕ್ಷೆ. ಮೊದಲ ಹಂತದಲ್ಲಿ ನಮಸ್ಕಾರ ಹೇಳಿ ಬಾಳೆಹಣ್ಣಿನ ಬೆಲೆ ಕೇಳಿದರೆ ಸಾಕಿತ್ತು. ಎರಡನೆಯದರಲ್ಲಿ ನಿನ್ನೆ ಮಾಡಿದ್ದು, ನಾಳೆ ಮಾಡುವುದು ಎಲ್ಲ ಹೇಳಬೇಕು, ಅಭಿಪ್ರಾಯವೂ ಇರಬೇಕು. ರೈಲ್ವೆಯಲ್ಲಿ ಸ್ಟೇಷನ್ ಮಾಸ್ತರನಾಗಿದ್ದ ನನಗೆ ಅಭಿಪ್ರಾಯದ ರೂಢಿ ಇರಲಿಲ್ಲ. ನಿವೃತ್ತಿಯ ನಂತರದ ದಿನಚರಿಯಲ್ಲಿ ನಾಲ್ಕರಿಂದ ಐದು ಖಾಲಿ ಉಳಿದಿತ್ತು. ಆ ಹೊತ್ತಿಗೆ ಕಾಲೇಜಿನಲ್ಲಿ ಇದ್ದದ್ದು ಸ್ಪ್ಯಾನಿಷ್ ಒಂದೇ. ಸೇರಿದೆ.

ನನ್ನ ಜೋಡಿಗೆ ತಕ್ಕ ಕಾರಣವಿತ್ತು. ಹಂಪಿ ನೋಡಲು ಬರುವ ತಂಡಗಳಿಗೆ ಆಕೆ ತನ್ನ ಮನೆಯಲ್ಲಿ ಊಟ ಹಾಕುತ್ತಾಳೆ. ಸ್ಪೇನಿನ ತಂಡಗಳನ್ನು ಕರೆತರುವ ಏಜೆಂಟರು, ಬಡಿಸುವವರಿಗೆ ಅವರ ಭಾಷೆ ಬರಬೇಕು, ಎರಡನೆಯ ಹಂತದ ಪ್ರಮಾಣಪತ್ರ ತೋರಿಸಬೇಕು ಎಂದಿದ್ದರು. ಈ ಸಲ ತಪ್ಪಿದರೆ ತಂಡಗಳು ಬೇರೆ ಮನೆಗೆ ಹೋಗುತ್ತವೆ. ಇನ್ನು ಮೌಖಿಕದ ನಿಯಮ: ಜೋಡಿಗೆ ಒಂದೇ ಅಂಕ. ಒಬ್ಬರು ಸುಮ್ಮನಾದರೆ ಇಬ್ಬರೂ ನಪಾಸು.

ತೊಡಕು ಗೊತ್ತಾದದ್ದು ಪರೀಕ್ಷೆಗೆ ಸ್ವಲ್ಪ ದಿನ ಮೊದಲು, ತರಗತಿಯ ಅಭ್ಯಾಸದಲ್ಲಿ. ಪ್ರಶ್ನೆಗಳು ಹೊರಗಿನಿಂದ ಅಚ್ಚಾಗಿ ಬರುತ್ತವೆ, ಮನೆಯವರ ಹೆಸರು ತಪ್ಪದೆ ಕೇಳುತ್ತಾರೆ ಎಂದು ಮೇಷ್ಟ್ರು ಆಕೆಯ ಗಂಡನ ಹೆಸರು ಕೇಳಿದರು. ಅಲ್ಲಿಯವರೆಗೆ ಪಟಪಟ ಉತ್ತರಿಸುತ್ತಿದ್ದವಳು ಸೆರಗು ಸರಿಮಾಡಿಕೊಂಡು ಕಿಟಕಿ ನೋಡಿದಳು.

ಕೆಳಗಿಳಿದ ಮೇಲೆ ಕೇಳಿದೆ. "ಯಾಕ ತಂಗಿ, ಶಬ್ದ ಮರತ್ಯೇನು?"

"ಶಬ್ದ ಎಲ್ಲಾ ಅದಾವ್ರಿ ಸರ. ಅವರ ಹೆಸರು ಹೆಂಗ ಹೇಳಾದು? ಬರೀ ಅಂದ್ರ ಬರೀತೀನಿ."

"ಬ್ಯಾರೆ ಯಾವ್ದಾರ ಹೆಸರು ಹೇಳು. ಮೇಷ್ಟ್ರಿಗೇನು ಗೊತ್ತಾಗ್ತದ?"

"ಅಯ್ಯ! ಬ್ಯಾರೆ ಗಂಡಸಿನ ಹೆಸರು ಹೇಳಿ ನನ್ನ ಗಂಡ ಅನ್ಲೇನ್ರಿ? ಹಿರೇರಾಗಿ ಎಂಥಾ ಮಾತು ಹೇಳ್ತೀರಿ!"

ಸ್ಕೂಟರಿನ ಮೇಲಿದ್ದ ಗಂಡನೂ ಬಾಯಿ ಹಾಕಿದರು. "ಹೇಳಿಬಿಡು ಅತ್ಲಾಗ. ನಾನೇನು ಕರಗಿ ಹೋಗಂಗಿಲ್ಲ."

"ನೀವು ಸುಮ್ಕ ಗಾಡಿ ಚಾಲೂ ಮಾಡ್ರಿ," ಎಂದಳು.

ನಮ್ಮ ಕಡೆ ಹೆಣ್ಣುಮಕ್ಕಳು ಗಂಡನ ಹೆಸರನ್ನು ಬರಿದೇ ಹೇಳುವುದಿಲ್ಲ. ಮದುವೆ ಮನೆಯಲ್ಲಿ ಎಲ್ಲರೂ ಒತ್ತಾಯ ಮಾಡಿದರೆ ನಾಲ್ಕು ಸಾಲಿನ ಒಡಪು ಕಟ್ಟಿ ಕೊನೆಗೆ ಹೆಸರು ಸೇರಿಸುತ್ತಾರೆ. ಒಡಪಿನೊಳಗೆ ಬಂದರೆ ದೋಷವಿಲ್ಲ. ಈ ಸೌಲಭ್ಯ ಸ್ಪ್ಯಾನಿಷಿಗೂ ಅನ್ವಯಿಸುತ್ತದೆ ಎಂದು ಮರುದಿನ ಆಕೆಯೇ ತೀರ್ಮಾನಿಸಿ ಬಂದಳು. ಕಟ್ಟಿದ್ದು ಆಕೆ, ಗಟ್ಟಿ ಮಾಡಿಸಿದ್ದು ನಾನು. ದಿನವೂ ತರಗತಿ ಮುಗಿದ ಮೇಲೆ ಮೊದಲು ನಾನು ಹೇಳುವುದು, ಆಮೇಲೆ ಆಕೆ. ಕೆರೆಯಲ್ಲಿ ನೀರು, ಎಲೆಯಲ್ಲಿ ಅನ್ನ, ಬಾಗಿಲ ಮುಂದೆ ಸ್ಕೂಟರ್, ಅದರ ಮೇಲೆ ಕುಳಿತ ನನ್ನ ಜೀವ, ಅಲ್ಲಿಗೆ ಹೆಸರು. ಸ್ಪ್ಯಾನಿಷಿನಲ್ಲಿ ಪ್ರಾಸ ಕೂಡಲಿಲ್ಲ. ಅದನ್ನು ಕೈಬಿಟ್ಟೆವು.

ಗುರುವಾರ ಆ ಪ್ರಶ್ನೆ ಬಂತು. ಆಕೆ ಎದ್ದು ನಿಂತು ಒಡಪು ಹೇಳಿದಳು. ಹೆಸರಿನ ಜಾಗದಲ್ಲಿ ದನಿ ಇಳಿಯಿತು, ಆದರೆ ಹೆಸರು ಬಂತು. ಸಂಡೂರಿನವರಾದ್ದರಿಂದ ಮೇಷ್ಟ್ರಿಗೆ ಏನೂ ವಿವರಿಸಬೇಕಾಗಲಿಲ್ಲ. ತಲೆದೂಗಿ, ಗುರುತು ಹಾಕಿಕೊಂಡು, ನನ್ನ ಕಡೆ ತಿರುಗಿ ಹೆಂಡತಿಯ ಹೆಸರು ಕೇಳಿದರು.

ಇದನ್ನು ನಾನು ಅಭ್ಯಾಸ ಮಾಡಿರಲಿಲ್ಲ; ಅಭ್ಯಾಸ ಬೇಕಾದೀತೆಂದು ಹೊಳೆದೂ ಇರಲಿಲ್ಲ. ಹೆಸರು ಗೊತ್ತಿತ್ತು. ಪಿಂಚಣಿಯ ಕಾಗದಗಳಲ್ಲಿ ಎಷ್ಟೋ ಸಲ ಬರೆದಿದ್ದೇನೆ. ಕರೆಯುವಾಗ ಮಾತ್ರ "ಏ, ಇಲ್ಲಿ ಕೇಳು" ಎನ್ನುತ್ತೇನೆ, ಅವಳು ಬರುತ್ತಾಳೆ. ಬೇರೆ ವ್ಯವಸ್ಥೆಯ ಅಗತ್ಯ ಬಿದ್ದಿರಲಿಲ್ಲ. ಬಾಯಿ ತೆರೆದೆ. ಏನೂ ಹೊರಡಲಿಲ್ಲ. ಮೇಷ್ಟ್ರು ಪೆನ್ನು ಎತ್ತಿ ಹಿಡಿದರು. ನನ್ನ ಜೋಡಿ ಏಜೆಂಟರನ್ನು ನೋಡುವಂತೆ ನನ್ನನ್ನು ನೋಡುತ್ತಿದ್ದಳು.

ಸ್ಪ್ಯಾನಿಷಿನಲ್ಲಾದರೆ ಜೋಡಿಗೆ ನೆರವಾಗಬಹುದೆಂಬ ನಿಯಮವಿದೆ. ಆಕೆ ಮೆಲ್ಲಗೆ ಮೊದಲ ಸಾಲು ಹೇಳಿದಳು: ಕೆರೆಯಲ್ಲಿ ನೀರು.

ನಾಲಿಗೆ ಹಳಿಗೆ ಬಂತು. ಎಲೆಯಲ್ಲಿ ಅನ್ನ, ಬಾಗಿಲ ಮುಂದೆ ಸ್ಕೂಟರ್, ಅದರ ಮೇಲೆ ಕುಳಿತ ನನ್ನ ಜೀವ. ಹೆಸರೂ ಹಿಂದೆಯೇ ಬಂತು. ನಮ್ಮ ಮನೆಯಲ್ಲಿ ಸ್ಕೂಟರ್ ಇಲ್ಲ. ನಿಲ್ಲಿಸಿ ತಿದ್ದುವಷ್ಟು ಹೊತ್ತಿರಲಿಲ್ಲ.

"ಇಬ್ಬರ ಮನಿ ಮುಂದನೂ ಒಂದಾ ಸ್ಕೂಟರ್ ಏನ್ರಿ ಸರ?" ಎಂದು ಮೇಷ್ಟ್ರು ಕನ್ನಡದಲ್ಲಿ ಕೇಳಿದರು.

"ಅದಿರ್ಲಿ, ಪಾಸೋ ನಪಾಸೋ ಹೇಳ್ರಿ," ಎಂದಳು ಆಕೆ.

"ಪಾಸ್ ರೀ. ಇಬ್ಬರೂ."

ನಾನು ಮೆಟ್ಟಿಲು ಇಳಿಯುವಷ್ಟರಲ್ಲಿ ಆಕೆ ಸ್ಕೂಟರಿನ ಹತ್ತಿರ ಇದ್ದಳು. "ಹೆಸರು ಹೇಳಿದ್ಯೇನು?" ಎಂದು ಗಂಡ ಕೇಳುತ್ತಿದ್ದರು. "ಹೇಳಿದೆ, ಆತು. ಇನ್ನೊಮ್ಮೆ ಕೇಳಬ್ಯಾಡ್ರಿ. ಜಲ್ದಿ ಏಜೆಂಟಗ ಫೋನ್ ಹಚ್ರಿ."

ಮನೆಯಲ್ಲಿ ನನ್ನವಳು ಅಕ್ಕಿ ಆರಿಸುತ್ತಿದ್ದಳು. "ಏನ್ ಕೇಳಿದ್ರು?"

"ನಿನ್ನ ಹೆಸರು."

ಮೊರದ ಮೇಲಿನ ಕೈ ನಿಂತಿತು. "ಹೇಳಿದ್ರೇನು?"

"ಹೇಳಿದೆ. ಸ್ಕೂಟರ್ ಮ್ಯಾಲೆ ಕುಂತಾಳ ಅಂತನೂ ಹೇಳೀನಿ."

"ನಾನು? ಯಾವ ಸ್ಕೂಟರ್ರಿ?" ವಿವರಿಸಿದೆ. ಪೂರ್ತಿ ಕೇಳಿ, "ಹಂಗಾರ ಅದನ್ನ ಇಲ್ಲೇ ಒಂದ್ಸಲ ಹೇಳ್ರಿ ನೋಡೋಣು," ಎಂದಳು.

ಎದ್ದು ನಿಂತು ಹೇಳಿದೆ, ಸ್ಕೂಟರ್ ಸಹಿತ. ಆಮೇಲೆ ಹಾಲಿಗೆ ಹೆಪ್ಪು ಹಾಕುವುದೊಂದು ಉಳಿದಿತ್ತು. ಹಾಕಿದೆ.