ಮೂರಂಕಣದ ಪೆಟ್ಟಿಗೆ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಆ ಭಾನುವಾರ ಮಗಳು ಹಳದಿ ಅಂಗಿ ಹಾಕಿದ್ದಳೆಂದು ಡೈರಿಯಲ್ಲಿದೆ, ಕಣ್ಣು ಮುಚ್ಚಿದರೆ ನನಗೆ ಕಾಣುವುದು ಕೆಂಪು. ಯಾವುದನ್ನು ನಂಬಬೇಕೋ ಗೊತ್ತಿಲ್ಲ. ಡೈರಿ ಬರೆದದ್ದು ಕೂಡ ಅಂದೇ ಅಲ್ಲ, ಒಂದೆರಡು ದಿನ ಕಳೆದ ಮೇಲೆ. ಹೆದರಿಕೆಯ ವಿಷಯದಲ್ಲಿ ಮಾತ್ರ ನನಗೆ ಅನುಮಾನವಿಲ್ಲ. ಅದು ಈಗಲೂ ಹೊಟ್ಟೆಯಲ್ಲಿ ಅದೇ ಜಾಗದಲ್ಲಿದೆ.

ದಾವಣಗೆರೆಯ ಒಂದು ಕಾಲೇಜಿನಲ್ಲಿ ನಾನು ಇಲಿಗಳ ಮೇಲೆ ಸಂಶೋಧನೆ ಮಾಡುತ್ತೇನೆ. ಮನೆ ಹರಿಹರದಲ್ಲಿ, ಬೆಳಿಗ್ಗೆ ಸಂಜೆ ಬಸ್ಸು. ನಮ್ಮ ಅನಿಮಲ್ ಹೌಸಿನಲ್ಲಿ ಎರಡು ತಳಿಗಳಿವೆ, ಎರಡೂ ಅಂಗೈಯಲ್ಲಿ ಕೂರುವಷ್ಟು ಚಿಕ್ಕವು. ಒಂದು ಪೂರಾ ಕಪ್ಪು. ಇನ್ನೊಂದಕ್ಕೆ ಕಪ್ಪು ಬೆನ್ನು, ಕಂದು ಹೊಟ್ಟೆ. ಈ ಎರಡನೆಯದು ಬೇರೆ ಇಲಿಯ ಹತ್ತಿರ ಹೋಗುವುದು ಕಡಿಮೆ, ಅದರ ಸದ್ದು ಕಡಿಮೆ. ಭತ್ತದ ಹೊಟ್ಟಿನ ಮೇಲೆ ಕೂತು ಒಂದೇ ಸಮನೆ ಮುಖ ಉಜ್ಜಿಕೊಳ್ಳುತ್ತಿರುತ್ತದೆ. ಅದಕ್ಕೇ ಆಟಿಸಂ ಸಂಶೋಧನೆಯಲ್ಲಿ ಅದನ್ನು ಮಾದರಿಯಾಗಿ ಇಟ್ಟುಕೊಳ್ಳುತ್ತಾರೆ. ಇಲಿಗೆ ಆಟಿಸಂ ಇದೆ ಎಂದು ಯಾರೂ ಹೇಳುವುದಿಲ್ಲ, ಹೋಲುವ ನಡವಳಿಕೆ ಇದೆ ಎನ್ನುತ್ತಾರೆ. ಈ ವ್ಯತ್ಯಾಸವನ್ನು ನಾನೇ ಕಿರಿಯರಿಗೆ ಹೇಳಿಕೊಟ್ಟಿದ್ದೇನೆ.

ಪರೀಕ್ಷೆಗೆ ಒಂದು ಪೆಟ್ಟಿಗೆ ಇದೆ, ಮೂರು ಅಂಕಣದ್ದು. ಇಲಿಯನ್ನು ಮೊದಲು ನಡುವಿನ ಅಂಕಣದಲ್ಲಿ ಬಿಡುತ್ತೇವೆ. ಒಂದು ಪಕ್ಕದಲ್ಲಿ ಗುರುತಿಲ್ಲದ ಇನ್ನೊಂದು ಇಲಿ, ತಂತಿಯ ಬುಟ್ಟಿಯೊಳಗೆ. ಇನ್ನೊಂದು ಪಕ್ಕದಲ್ಲಿ ಬರೀ ಬುಟ್ಟಿ. ನಾವು ಮರೆಗೆ ಹೋಗುತ್ತೇವೆ, ಮೇಲಿನ ಕ್ಯಾಮೆರಾ ನೋಡುತ್ತದೆ. ಕಪ್ಪು ಇಲಿ ಜೊತೆಗಾರನಿದ್ದ ಕಡೆ ಓಡುತ್ತದೆ. ಕಂದು ಹೊಟ್ಟೆಯದಕ್ಕೆ ಎರಡೂ ಒಂದೇ.

ತಳಿ ಮಾಡುವ ವಿಧಾನವೂ ಸರಳವೇ. ಅಣ್ಣ ತಂಗಿಯನ್ನು ಕೂಡಿಸುತ್ತಾರೆ, ಹುಟ್ಟಿದ ಮರಿಗಳಲ್ಲಿ ಮತ್ತೆ ಅಣ್ಣ ತಂಗಿಯನ್ನು. ಇಪ್ಪತ್ತು ತಲೆಮಾರು ಹೀಗೆ ನಡೆದರೆ ಆ ತಳಿಯ ಇಲಿಗಳೆಲ್ಲ ಹೆಚ್ಚುಕಡಿಮೆ ಒಂದೇ ಅಚ್ಚು. ಮದುವೆಗೆ ಮುಂಚೆ ಇದನ್ನು ಪರೀಕ್ಷೆಗೆ ಓದುವಂತೆ ಓದಿದ್ದೆ. ಮಗಳು ಹುಟ್ಟಿದ ಮೇಲೆ ಅದೇ ಸಾಲನ್ನು ಪೂರ್ತಿ ಓದಲಾಗದೆ ಪುಟ ಮಗುಚಿದ್ದು ನೆನಪಿದೆ.

ನನ್ನ ಗಂಡ ನನ್ನ ಸೋದರಮಾವ, ಅಮ್ಮನ ಸ್ವಂತ ತಮ್ಮ. ನಮ್ಮ ಕಡೆ ಇದು ಯಾರೂ ಹುಬ್ಬೇರಿಸುವ ಸಂಗತಿಯಲ್ಲ. ಮದುವೆ ನಿಶ್ಚಯ ಮಾಡಿದ್ದು ಅಜ್ಜಿ. ಹೀಗೆ ಅಮ್ಮನ ಅಮ್ಮ ನನಗೆ ಅತ್ತೆಯಾದಳು. ನಾನು ಅಜ್ಜಿ ಎಂದೇ ಕರೆಯುತ್ತೇನೆ, ಗಂಡನನ್ನು ಮಾವ ಎಂದೇ. "ಹೊರಗಿನಾಕಿ ಬಂದು ನನ್ನ ಒಲಿ ಮುಂದ ನಿಲ್ಲೋದು ಬ್ಯಾಡ, ನನ್ನ ಮೊಮ್ಮಗಳೇ ನಿಲ್ಲಲಿ" ಎಂದಿದ್ದಳಂತೆ. ಅಜ್ಜಿ ಮದುವೆಯಾಗಿದ್ದೂ ತನ್ನ ಸೋದರತ್ತೆಯ ಮಗನನ್ನು. ನಾನು ಬೇಡ ಎಂದಿರಲಿಲ್ಲ. ಮಾವ ನನಗೆ ಇಷ್ಟವಿದ್ದ, ಈಗಲೂ ಇದ್ದಾನೆ.

ಮಗಳಿಗೆ ಒಂದೂವರೆ ವರ್ಷವಾದರೂ ಮಾತು ಬರಲಿಲ್ಲ. ಅದು ನನ್ನನ್ನು ಅಷ್ಟು ಕಾಡಲಿಲ್ಲ. ಕಾಡಿದ್ದು ಬೇರೆ. ಒಂದು ಸಂಜೆ ಬಸ್ಸಿಳಿದು ಬಂದು ಬಾಗಿಲಲ್ಲೇ ನಿಂತು ಹೆಸರು ಹಿಡಿದು ಕರೆದೆ. ಅವಳು ಡಬ್ಬಿಗಳ ಮುಚ್ಚಳಗಳನ್ನು ಗೋಡೆಗುಂಟ ಸಾಲಾಗಿ ಜೋಡಿಸುತ್ತಿದ್ದಳು. ಮತ್ತೆ ಕರೆದೆ, ಚಪ್ಪಾಳೆ ತಟ್ಟಿದೆ. ಅವಳ ಬೆನ್ನು ಅಲುಗಲಿಲ್ಲ. ಆ ಪುಟ್ಟ ಬೆನ್ನು ನೋಡುತ್ತಾ ನನಗೆ ನೆನಪಾಗಿದ್ದು ಏನೆಂದು ಯಾರಿಗೂ ಹೇಳಲಿಲ್ಲ. ಹೇಳಿದರೆ ನಿಜವಾದೀತೆಂದು ಭಯ.

ದಾವಣಗೆರೆಯಲ್ಲಿ ಕಿವಿ ಪರೀಕ್ಷೆ ಮಾಡಿಸಿದೆವು. ಕಿವಿ ಚೆನ್ನಾಗಿದೆ ಎಂದರು. ಬೇರೆ ತಾಯಿಯಾಗಿದ್ದರೆ ನೆಮ್ಮದಿಯ ಉಸಿರು ಬಿಡುತ್ತಿದ್ದಳೇನೋ, ನನ್ನ ಹೆದರಿಕೆ ಹೆಚ್ಚಿತು. ಕೇಳಿಸುತ್ತದೆ, ಆದರೂ ತಿರುಗುವುದಿಲ್ಲ ಎಂದಾಯಿತು. ಮಕ್ಕಳ ಡಾಕ್ಟರು ಇನ್ನು ಕೆಲವು ತಿಂಗಳು ನೋಡೋಣ, ಆಮೇಲೆ ತಜ್ಞರ ಹತ್ತಿರ ಕಳಿಸುತ್ತೇನೆ ಎಂದರು. ಮಾವ ಬೈಕಿನಲ್ಲಿ ಬರುವಾಗ "ಎಲ್ಲಾದಕ್ಕೂ ಹೆದರ್ತಿ ನೀನು, ಇಲಿ ಸಹವಾಸ ಜಾಸ್ತಿ ಆತು" ಎಂದು ನಕ್ಕ. ಮರುದಿನ ನಾನು ಹಿತ್ತಲಲ್ಲಿ ಬಟ್ಟೆ ಒಣಗಿಸುತ್ತಿದ್ದಾಗ ಒಳಗೆ ಅವನ ದನಿ ಕೇಳಿತು. ಗುತ್ತೂರಿನ ಫ್ಯಾಕ್ಟರಿಗೆ ಶಿಫ್ಟಿಗೆ ಹೊರಟವನು, ನಾನು ಕೇಳಿಸಿಕೊಳ್ಳುತ್ತಿಲ್ಲ ಎಂದುಕೊಂಡು, ಮಗಳ ಹೆಸರನ್ನು ಮೆಲ್ಲಗೆ ಮತ್ತೆ ಮತ್ತೆ ಕರೆಯುತ್ತಿದ್ದ. ಅವನಿಗೂ ಹೆದರಿಕೆ ಇದೆ ಎಂದು ಗೊತ್ತಾದ ಮೇಲೆ ನನ್ನ ಹೆದರಿಕೆಗೆ ಒರಗಲು ಗೋಡೆಯೇ ಇಲ್ಲದಂತಾಯಿತು.

ತಜ್ಞರು ನೋಡುವವರೆಗೆ ಕಾಯಲಾಗಲಿಲ್ಲ. ನಮ್ಮದು ಹಳೆಯ ಮೂರಂಕಣದ ಮನೆ. ಮುಂದೆ ಪಡಸಾಲೆ, ನಡುವೆ ನಡುಮನೆ, ಹಿಂದೆ ಅಡುಗೆಮನೆ, ಒಂದೇ ಸಾಲು. ಅಷ್ಟು ವರ್ಷ ಆ ಮನೆಯಲ್ಲಿ ಓಡಾಡಿದರೂ ಅದು ಪೆಟ್ಟಿಗೆಯ ಹಾಗಿದೆ ಎಂದು ನನಗೆ ಹೊಳೆದಿರಲಿಲ್ಲ. ಹೊಳೆದ ಮೇಲೆ ಮನಸ್ಸು ಬೇರೆ ಯಾವುದರ ಮೇಲೂ ನಿಲ್ಲಲಿಲ್ಲ.

ಆ ಭಾನುವಾರ ಅಜ್ಜಿ ಹೊಳೆಯ ಕಡೆ ಗುಡಿಗೆ ಹೋಗಿದ್ದಳು, ಮಾವ ಡ್ಯೂಟಿಗೆ. ನಡುಮನೆಯ ಸಾಮಾನೆಲ್ಲ ತೆಗೆದೆ. ಅಡುಗೆಮನೆಯಲ್ಲಿ ಮುಚ್ಚಳಗಳನ್ನು ಗುಡ್ಡೆ ಹಾಕಿದೆ. ಪಡಸಾಲೆಗೆ, ಎದುರು ಮನೆಗೆ ಹೊಸದಾಗಿ ಬಾಡಿಗೆಗೆ ಬಂದಿದ್ದ ಮುಸ್ಲಿಂ ಹೆಂಗಸನ್ನು ಕರೆದು ತಂದೆ. ಮಗಳು ಆಕೆಯನ್ನು ನೋಡಿರಲಿಲ್ಲ, ನನಗೆ ಬೇಕಾಗಿದ್ದೂ ಅದೇ. ನಾನು ಕಾಲೇಜಿಗೆ ಹೋಗುತ್ತೇನೆಂದು ಆಕೆ ನನ್ನನ್ನು ಡಾಕ್ಟರಮ್ಮ ಎನ್ನುತ್ತಿದ್ದಳು.

"ಇಲ್ಲಿ ಸ್ಟೂಲ್ ಮ್ಯಾಲೆ ಕೂಡ್ರಿ. ಮಾತಾಡಬ್ಯಾಡ್ರಿ, ಕರೀಬ್ಯಾಡ್ರಿ, ಏಳಬ್ಯಾಡ್ರಿ. ಹತ್ತು ನಿಮಿಷ ಅಷ್ಟೆ," ಎಂದೆ.

"ಅರೆ, ಮನಿಗೆ ಕರೆದು ಮಾತಾಡಬ್ಯಾಡ ಅಂತೀರಲ್ರಿ ಡಾಕ್ಟರಮ್ಮ! ನಮ್ಮ ಯಜಮಾನ್ರಿಗೆ ಗೊತ್ತಾದ್ರ ನಿಮಗ ಸಲಾಂ ಹೊಡೀತಾರ ನೋಡ್ರಿ. ಮದುವಿ ಆದಾಗಿಂದ ನನ್ನ ಬಾಯಿ ಮುಚ್ಚಿಸಾಕ ಅವರ ಕೈಲಿ ಆಗಿಲ್ಲ."

ನಾನು ನಗಲಿಲ್ಲ. ಆಕೆ ನನ್ನ ಮುಖ ನೋಡಿ ಸೆರಗು ಸರಿಮಾಡಿಕೊಂಡು ಸುಮ್ಮನೆ ಕೂತಳು.

ಮಗಳನ್ನು ನಡುಮನೆಯ ಮಧ್ಯ ಬಿಟ್ಟೆ. ಮೊಬೈಲನ್ನು ಗೋಡೆಯ ಗೂಡಿನಲ್ಲಿಟ್ಟು ವಿಡಿಯೊ ಹಚ್ಚಿದೆ. ಪ್ರಯೋಗ ಮಾಡುವವರು ಕಣ್ಣಿಗೆ ಬೀಳಬಾರದು. ಹಾಗಾಗಿ ಪಕ್ಕದ ಓಣಿಗೆ ಹೋಗಿ, ನಡುಮನೆಯ ಕಿಟಕಿಯ ಸಂದಿಯಿಂದ ನೋಡುತ್ತಾ ನಿಂತೆ.

ಅವಳು ಸ್ವಲ್ಪ ಹೊತ್ತು ನಿಂತಿದ್ದಳು. ಆಮೇಲೆ ಅಡುಗೆಮನೆಯ ಕಡೆ ಹೋದಳು, ಮುಚ್ಚಳಗಳ ಮುಂದೆ ಕೂತಳು. ಪಡಸಾಲೆಯಲ್ಲಿ ಆ ಹೆಂಗಸು ಮಾತಿಗೆ ತಪ್ಪದೆ ಬೊಂಬೆಯ ಹಾಗೆ ಕೂತಿದ್ದಳು. ಮಗಳು ಅತ್ತ ತಿರುಗಿಯೂ ನೋಡಲಿಲ್ಲ.

ಒಂದು ಸಂಗತಿ ನನಗೆ ಖಚಿತವಿಲ್ಲ. ಅಡುಗೆಮನೆಗೆ ಹೋಗುವ ಮುಂಚೆ, ನಿಂತಿದ್ದಾಗ, ಅವಳು ಕಿಟಕಿಯ ಕಡೆ ತಲೆಯೆತ್ತಿದಳು ಎಂದು ನನಗೆ ಅನ್ನಿಸುತ್ತದೆ. ನನ್ನನ್ನೇ ಹುಡುಕಿದಳು, ನಾನು ಪಕ್ಕಕ್ಕೆ ಸರಿದೆ. ನಡುವಿನ ಅಂಕಣದಲ್ಲಿ ಇಲಿ ಏನು ಮಾಡಿತೆಂಬುದನ್ನು ನಾವು ಲೆಕ್ಕಕ್ಕೆ ಹಿಡಿಯುವುದಿಲ್ಲ, ಹಾಗಾಗಿ ಅದನ್ನೂ ಹಿಡಿಯಲಿಲ್ಲ. ಅಥವಾ ಇದೆಲ್ಲ ನಾನು ಆಮೇಲೆ ಸೇರಿಸಿಕೊಂಡ ಸಮಾಧಾನವೋ ಏನೋ. ವಿಡಿಯೊ ನೋಡಿದರೆ ಗೊತ್ತಾಗುತ್ತಿತ್ತು. ಅದನ್ನು ಅಂದೇ ಅಳಿಸಿದೆ, ನೋಡುವ ಧೈರ್ಯ ಇರಲಿಲ್ಲ.

ಹತ್ತು ನಿಮಿಷ ಮುಗಿಯುವ ಮುಂಚೆಯೇ ಅಜ್ಜಿ ಬಂದಳು. ಸ್ಟೂಲಿನ ಮೇಲೆ ಉಸಿರು ಬಿಗಿಹಿಡಿದು ಕೂತ ಹೆಂಗಸು, ಖಾಲಿ ನಡುಮನೆ, ಗೂಡಿನಲ್ಲಿ ಮೊಬೈಲು.

"ಏನವ್ವ ಇದು, ಯಾರರ ಸತ್ತಾರೇನು, ಹಿಂಗ್ಯಾಕ ಕೂತೀ?"

"ಡಾಕ್ಟರಮ್ಮ ಮಾತಾಡಬ್ಯಾಡ ಅಂದಾರ್ರಿ," ಎಂದಳು ಆಕೆ, ಪಿಸುದನಿಯಲ್ಲಿ.

ಅಜ್ಜಿ ಕಿಟಕಿಯಲ್ಲಿ ನನ್ನನ್ನು ಕಂಡಳು. ನಾನು ಒಳಗೆ ಬಂದು ಏನೇನೋ ಹೇಳಿದೆ. ಅವಳು ಪೂರ್ತಿ ಕೇಳಲಿಲ್ಲ. "ಇಲಿಗೆ ಮಾಡೋದ ಕೂಸಿಗೆ ಮಾಡಿದ್ಯಾ? ಓದಿಸಿದ್ದು ಇದಕ್ಕೇನು?" ಎಂದು ಮಗುವನ್ನು ಎತ್ತಿಕೊಂಡಳು. ಮಗು ಮುಚ್ಚಳ ಬಿಡಲಿಲ್ಲ.

ಮರುದಿನ ನನ್ನ ಗೈಡ್ ಮೇಡಂ ಹತ್ತಿರ ಎಲ್ಲವನ್ನೂ ಹೇಳಿದೆ. ಅವರು ಬೈಯಲಿಲ್ಲ. "ಕಪ್ಪು ಇಲಿಯೂ ಅಣ್ಣ ತಂಗಿಯರದ್ದೇ ಸಂತಾನ ಅಲ್ವಾ? ಅದು ಯಾಕೆ ಜೊತೆಗಾರನ ಕಡೆ ಓಡುತ್ತೆ?" ಎಂದರು. ಉತ್ತರ ನನಗೆ ಗೊತ್ತಿತ್ತು. ಒಡಹುಟ್ಟಿದವರನ್ನು ಕೂಡಿಸುವುದು ಇಲಿಗಳನ್ನು ಒಂದೇ ಅಚ್ಚಿಗೆ ತರಲು. ಅಚ್ಚಿನಲ್ಲಿ ಏನು ಉಳಿಯುತ್ತದೆ ಎಂಬುದು ಮೊದಲ ಜೋಡಿಯಲ್ಲಿ ಏನಿತ್ತು ಎಂಬುದರ ಮೇಲೆ. ಇಲಿಯ ಪೆಟ್ಟಿಗೆಯಿಂದ ಮಗುವಿನ ಬಗ್ಗೆ ಏನೂ ಹೇಳಲಾಗದು, ತಜ್ಞರು ನೋಡಲಿ ಎಂದರು ಮೇಡಂ. ರಕ್ತಸಂಬಂಧದ ಮದುವೆಯಲ್ಲಿ ಕೆಲವು ತೊಂದರೆಗಳ ಸಾಧ್ಯತೆ ಹೆಚ್ಚುವುದು ನಿಜ, ಆದರೆ ಯಾವ ಮನೆಯಲ್ಲಿ ಯಾವುದು ಎಂದು ಹಾಗೆ ಊಹಿಸಬಾರದು ಎಂದೂ ಅಂದರು. ಸಂಜೆಯ ಬಸ್ಸಿನಲ್ಲಿ ನಾನು ಯೋಚಿಸಿದ್ದು ಒಂದೇ: ನಮ್ಮ ಮನೆಯ ಮೊದಲ ಜೋಡಿಯಲ್ಲಿ ಏನಿತ್ತು?

ಮುಂದಿನದು ಆ ವಾರವೋ, ಅದರ ಮುಂದಿನ ವಾರವೋ. ಅಜ್ಜಿ ನಡುಮನೆಯಲ್ಲಿ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಳು. ಮಗಳು ಅವಳ ಪಕ್ಕದಲ್ಲೇ ಮುಚ್ಚಳಗಳ ಸಾಲು ಹಿಡಿದಿದ್ದಳು. ನಾನು ಕರೆದೆ, ತಿರುಗಲಿಲ್ಲ. ನನ್ನ ಕಣ್ಣಲ್ಲಿ ನೀರು ಬಂತೇನೋ. ಅಜ್ಜಿ ಸೊಪ್ಪಿನಿಂದ ತಲೆಯೆತ್ತದೆ, ನನ್ನನ್ನು ಸಮಾಧಾನ ಮಾಡುವ ದನಿಯಲ್ಲಿ, "ಅಳಬ್ಯಾಡ ಬಿಡು. ಅದೂ ಹಿಂಗೇ ಇತ್ತು, ಎಷ್ಟು ಕರೆದ್ರೂ ತಿರುಗ್ತಿರಲಿಲ್ಲ," ಎಂದಳು.

ಅಮ್ಮ ಮತ್ತು ಮಾವ, ಅಜ್ಜಿಗೆ ಇಬ್ಬರೇ ಮಕ್ಕಳು ಎಂದು ನಾವೆಲ್ಲ ತಿಳಿದಿರುವುದು. ಅಮ್ಮ ಮಾತಿನ ಮಲ್ಲಿ, ಮಾವ ಕರೆಯುವ ಮುಂಚೆ ಬಂದು ನಿಲ್ಲುತ್ತಿದ್ದ ಹುಡುಗ, ಹಾಗೆಂದು ಅಜ್ಜಿಯೇ ನೂರು ಸಲ ಹೇಳಿದ್ದಾಳೆ. ಇಬ್ಬರ ನಡುವೆ ಹನ್ನೆರಡು ವರ್ಷದ ಅಂತರ. ಆ ಅಂತರದ ಬಗ್ಗೆ ಅಲ್ಲಿಯವರೆಗೆ ನಾನು ಯೋಚಿಸಿಯೇ ಇರಲಿಲ್ಲ.

ಅಜ್ಜಿಯ ಕೈ ಒಂದು ಗಳಿಗೆ ನಿಂತಿತು. ಮತ್ತೆ ಸೊಪ್ಪು ಬಿಡಿಸತೊಡಗಿತು, ಮೊದಲಿಗಿಂತ ವೇಗವಾಗಿ, ಎಲೆಯ ಜೊತೆ ದಂಟೂ ಬುಟ್ಟಿಗೆ ಬೀಳುತ್ತಿತ್ತು. ನಾನು ಅವಳ ಹತ್ತಿರ ಸರಿದು ಕೂತೆ. ನಾನು ಕೇಳಿದ ಮಾತು ಇದೇ, ಇದರಲ್ಲಿ ಒಂದಕ್ಷರ ತಪ್ಪಿಲ್ಲ:

"ಅದು ಅಂದ್ರ ಯಾವುದು, ಅಜ್ಜಿ?"