ಗಡಿಯಾರದ ಮೊಳೆಗೆ ಬಂದ ಕೋಚ್

ನಮ್ಮ ಹೈಸ್ಕೂಲಿನ ಸಭಾಂಗಣದ ಪೂರ್ವದ ಗೋಡೆಯ ಮೇಲೆ ಸಾಲಾಗಿ ಫೋಟೋಗಳಿವೆ. ಜಾಗ ಕೊಟ್ಟವರು, ಕಟ್ಟಡ ಕಟ್ಟಿಸಿದವರು, ತೀರಿಕೊಂಡ ಹೆಡ್‌ಮಾಸ್ಟರುಗಳು. ಸಾಲಿನ ಕೊನೆಯಲ್ಲಿ ಒಂದು ಮೊಳೆ ಬಹಳ ವರ್ಷ ಖಾಲಿ ಇತ್ತು. ಅಲ್ಲಿದ್ದ ಗಡಿಯಾರ ರಿಪೇರಿಗೆಂದು ಹೋದದ್ದು ವಾಪಸು ಬರಲೇ ಇಲ್ಲ. ಹರಪನಹಳ್ಳಿಯ ಆ ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಲೇ ನನ್ನ ಕೂದಲು ಬೆಳ್ಳಗಾಯಿತು. ಪ್ರೇಯರಿಗೆ ನಿಂತಾಗಲೆಲ್ಲ ಕಣ್ಣು ಆ ಮೊಳೆಯ ಕಡೆಗೇ ಹೋಗುತ್ತಿತ್ತು. ಯಾರ ಮುಂದೆಯೂ ಹೇಳಿದವಳಲ್ಲ. ಆದರೆ ಫ್ರಾಂಕ್ಲಿ, ಅದು ನನ್ನ ಅಳತೆಯ ಜಾಗ ಅಂತಲೇ ಅಂದುಕೊಂಡಿದ್ದೆ.

ನಾನು ಬಳ್ಳಾರಿಯ ಕಾನ್ವೆಂಟಿನಲ್ಲಿ ಓದಿದವಳು. ಅಲ್ಲಿ ಮೆಟ್ಟಿಲು ಹತ್ತಿದ ಕೂಡಲೇ ಒಂದು ಆನರ್ ಬೋರ್ಡ್ ಇತ್ತು. ಕಪ್ಪು ಹಲಗೆ, ಬಂಗಾರದ ಬಣ್ಣದ ಅಕ್ಷರ. ನಾನು ಯಾವಾಗಲೂ ಸೆಕೆಂಡ್. ಸೆಕೆಂಡ್ ಬಂದವರ ಹೆಸರು ಬೋರ್ಡಿಗೆ ಏರುವುದಿಲ್ಲ. ಪೇಂಟರು ಏಣಿ ಹಾಕಿಕೊಂಡು ನನ್ನ ಗೆಳತಿಯ ಹೆಸರು ಬರೆಯುವಾಗ ಸಿಸ್ಟರ್ ನನ್ನನ್ನೇ ಕರೆದು, ಕೆಳಗೆ ನಿಂತು ನೋಡು, ಸಾಲು ನೆಟ್ಟಗಿದೆಯಾ ಹೇಳು ಅಂದಿದ್ದರು. ನೆಟ್ಟಗಿದೆ ಸಿಸ್ಟರ್, ಅಂದೆ. ಇಂಥ ಗೋಡೆಗಳ ವಿಷಯ ನನಗೆ ಯಾರೂ ಹೇಳಿಕೊಡಬೇಕಿಲ್ಲ.

ಆ ಕೋಚ್ ನಮ್ಮೂರಿಗೆ ಬಂದದ್ದು ತೊಂಬತ್ತರ ದಶಕದಲ್ಲಿ, ನನ್ನ ಮಗ ಹೈಸ್ಕೂಲಿಗೆ ಕಾಲಿಟ್ಟ ವರ್ಷ. ಯಾವುದೋ ಕಾರ್ಖಾನೆಯ ಟೀಮಿಗೆ ಆಡಿ ಮೊಣಕಾಲು ಕೆಡಿಸಿಕೊಂಡ ಮನುಷ್ಯ. ಊರಿನ ಫುಟ್‌ಬಾಲ್ ಕ್ಲಬ್ಬಿನವರು ಸಂಬಳಕ್ಕೆ ಕರೆತಂದಿದ್ದರು. ಪ್ರೊಫೆಷನಲ್ ಅಂತ ಕ್ಲಬ್ಬಿನವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು. ನಮ್ಮ ಶಾಲೆಯ ಮೈದಾನವೇ ಅವರ ಮೈದಾನ. ಬೆಳಿಗ್ಗೆ ನಾನು ಹಾಲು ಕಾಯಿಸುವ ಮೊದಲೇ ಮಗ ಮನೆಯಲ್ಲಿ ಇರುತ್ತಿರಲಿಲ್ಲ. ಸಂಜೆ ಬಂದರೆ ಬಾಯಲ್ಲಿ ಒಂದೇ ಮಾತು, ಗುರುಗಳು ಹಂಗಂದ್ರು, ಗುರುಗಳು ಹಿಂಗಂದ್ರು. ನನ್ನನ್ನು ಮಮ್ಮಿ ಅನ್ನಲು ಎಷ್ಟು ಕಲಿಸಿದರೂ ಅವ್ವಾ ಅಂತಲೇ ಕರೆದ ಹುಡುಗ, ಅವರು ಕಲಿಸಿದ ‘ಟ್ರ್ಯಾಪ್’, ‘ಟ್ಯಾಕಲ್’ ಎಲ್ಲವನ್ನೂ ಪ್ಯೂರ್ ಪ್ರನನ್ಸಿಯೇಷನ್ನಿನಲ್ಲಿ ಅನ್ನುತ್ತಿದ್ದ.

“ಬಿಡಲೇ, ಫುಟ್‌ಬಾಲ್ ಏನು ಸೊಸಿ ಏನು, ನಿನ್ನ ಮಗನ್ನ ಕಸಕೊಂಡು ಹೋಗಾಕ?” ಅಂತ ನಮ್ಮ ಮನೆಯವರು ನಗುತ್ತಿದ್ದರು.

ಸೊಸೆಯಾಗಿದ್ದರೆ ಜಗಳವಾದರೂ ಆಡಬಹುದಿತ್ತು.

ಸುಗ್ಗಿಯ ಕಾಲಕ್ಕೆ ನಮ್ಮೂರಲ್ಲಿ ಸಪಾಟು ನೆಲ ಅಂತ ಎಲ್ಲೇ ಕಂಡರೂ ಅಲ್ಲಿ ಮೆಕ್ಕೆಜೋಳ ಒಣಗುತ್ತಿರುತ್ತದೆ. ರಸ್ತೆಯ ಅರ್ಧ, ಅಂಗಳ, ಶಾಲೆಯ ಮೈದಾನ ಎಲ್ಲವೂ ಹಳದಿ. ಆ ವರ್ಷ ನಮ್ಮ ಮೈದಾನದ ತುಂಬ ಹರಡಿದ್ದು ದಲಾಲಿ ಅಂಗಡಿಯ ಸಾಹುಕಾರರ ಮಾಲು. ಇನ್ನು ಒಂದು ತಿಂಗಳು ಆಟ ಬಂದ್, ಮಗ ನನ್ನ ಕೈಗೆ ಸಿಗುತ್ತಾನೆ ಅಂತ ನಾನು ಒಳಗೊಳಗೇ ಹಿಗ್ಗಿದೆ. ಕೋಚ್ ಹೋಗಿ ಸಾಹುಕಾರರ ಹತ್ತಿರ ಏನು ಮಾತಾಡಿದರೋ, ಮಾರನೆಯ ದಿನ ಹುಡುಗರೆಲ್ಲ ಬರಿಗಾಲಲ್ಲಿ ಜೋಳದೊಳಗೆ ಇಳಿದಿದ್ದರು. ಜೋಳ ತಿರುವಿ ಹಾಕುವುದು ಕಾಲಿನ ಕೆಲಸ. ಹೆಜ್ಜೆ ಎತ್ತುವಂತಿಲ್ಲ, ಪಾದವನ್ನು ನೆಲಕ್ಕೆ ಒತ್ತಿ, ಎಳೆಯುತ್ತಾ ಸಾಗಬೇಕು, ಹಿಂದೆ ನೇಗಿಲ ಸಾಲಿನಂತೆ ಗೆರೆ ಬೀಳಬೇಕು. ಕಾಳು ಒಡೆಯಬಾರದು. ಹುಡುಗರು ಜೋಳ ತಿರುವುವುದು, ಸಾಹುಕಾರರು ಬದಲಿಗೆ ಮೈದಾನದ ಒಂದು ಮೂಲೆ ಬಿಟ್ಟುಕೊಡುವುದು. ಅದೇ ಒಪ್ಪಂದ.

ನಾನು ದಿನಾ ಗೇಟಿನ ಹತ್ತಿರ ನಿಂತು ನೋಡುತ್ತಿದ್ದೆ. ಕಾನ್ವೆಂಟಿನಲ್ಲಿ ಓದಿದವಳ ಮಗ ಹಮಾಲರ ಕೆಲಸ ಮಾಡುತ್ತಿದ್ದಾನೆ ಅಂತ ಹೊಟ್ಟೆ ಉರಿಯಿತು. ಸುಗ್ಗಿ ಮುಗಿಯುವ ಹೊತ್ತಿಗೆ ಆ ಹುಡುಗರು ಕಾಲಿಗೆ ಚೆಂಡು ಅಂಟಿಕೊಂಡಂತೆ ಓಡುವುದನ್ನು ನೋಡಿದಾಗ ಇನ್ನೂ ಹೆಚ್ಚು ಉರಿಯಿತು. ನಾನು ಅಷ್ಟು ವರ್ಷದಿಂದ ಟೆನ್ಸ್ ಕಲಿಸುತ್ತಿದ್ದೆ. ಒಬ್ಬನ ನಾಲಿಗೆಗೂ ಹಾಗೆ ಅಂಟಿರಲಿಲ್ಲ.

ಆ ಸಲ ಟೂರ್ನಮೆಂಟಿನ ಫೈನಲ್ ಕೊಟ್ಟೂರಿನಲ್ಲಿ. ಹಗರಿಬೊಮ್ಮನಹಳ್ಳಿಯವರನ್ನೂ ಹಡಗಲಿಯವರನ್ನೂ ಸೋಲಿಸಿ ನಮ್ಮವರು ಬಂದಿದ್ದರು. ನನ್ನ ಮಗನೇ ಸ್ಟಾರ್. ಅವತ್ತು ಬೆಳಿಗ್ಗೆ ಅವನ ಇಂಗ್ಲಿಷ್ ಎಸ್ಸೆ ಅರ್ಧಕ್ಕೇ ನಿಂತಿತ್ತು. ಸೋಮವಾರ ಸ್ಪರ್ಧೆಗೆ ಹೋಗಬೇಕಾದ ಎಸ್ಸೆ. ಮುಗಿಸಿ ಹೋಗು ಅಂದೆ. ಟೀಮಿನ ಟೆಂಪೋ ಹೊರಟುಹೋಯಿತು. ಮುಂದಿನ ಬಸ್ಸಿಗೆ ನಾನೇ ಅವನ ಜೊತೆ ಹೋದೆ. ಅವನು ಕಿಟಕಿಗೆ ಮುಖ ಕೊಟ್ಟು ಕೂತವನು ಕೊಟ್ಟೂರು ಬರುವವರೆಗೂ ತಿರುಗಲಿಲ್ಲ. ಇಳಿದು ಓಡಿದರೆ ಆಟ ಆಗಲೇ ಶುರುವಾಗಿತ್ತು. ಅವನ ಜಾಗದಲ್ಲಿ ಹಲವಾಗಲು ಹಳ್ಳಿಯ ಒಬ್ಬ ತೆಳ್ಳನೆಯ ಹುಡುಗ ಆಡುತ್ತಿದ್ದ.

ನಾನು ಸೀದಾ ಕೋಚ್ ಹತ್ತಿರ ಹೋದೆ. “ಸರ್, ನಾನೇ ನಿಲ್ಲಿಸಿಕೊಂಡಿದ್ದೆ. ಅವನ ತಪ್ಪಿಲ್ಲ. ಪ್ಲೀಸ್, ಅವನನ್ನು ಆಟಕ್ಕೆ ಇಳಿಸಿ.”

ಅವರು ಆಟದ ಮೇಲಿನ ಕಣ್ಣು ತೆಗೆಯದೆ ಹೇಳಿದರು, “ನಿಮ್ಮದೂ ತಪ್ಪಿಲ್ರಿ ಮೇಡಂ. ಆದ್ರ ಈ ಹುಡುಗ ಹಲವಾಗಲಿಂದ ಕತ್ತಲಾಗ ಎದ್ದು ಬಂದಾನ. ಈಗ ಹೊರಗ ಬಾ ಅಂತ ಅವಗ ನಾ ಯಾವ ಬಾಯಿಲೆ ಹೇಳ್ಲಿ? ನೆರಳಾಗ ಕುಂದರ್ರಿ, ಬಿಸಿಲು ಭಾಳ ಐತಿ.”

ಸಮಸಮ ಆಗಿದ್ದ ಆಟ ಕೊನೆಗೆ ಒಂದು ಗೋಲಿನಲ್ಲಿ ಕೈ ಬಿಟ್ಟುಹೋಯಿತು. ಜನ ಕೋಚನ್ನು ಬೈದರು, ಕ್ಲಬ್ಬಿನವರೂ ಬೈದರು. ಕೋಚ್ ಯಾರಿಗೂ ಕಾರಣ ಹೇಳಲಿಲ್ಲ. ನನ್ನ ಮಗ ಮಾತ್ರ ಎದ್ದು ಹೋಗಿ ಚೆಂಡಿನ ಚೀಲ ಹೆಗಲಿಗೇರಿಸಿ, ಏನೂ ಆಗದವನಂತೆ ಅವರ ಹಿಂದೆ ನಡೆದ. ವಾಪಸು ಬರುವಾಗ ಟೆಂಪೋದಲ್ಲಿ ಅವರ ಪಕ್ಕದಲ್ಲೇ ಕೂತು ಬಂದ. ನಾನು ಒಬ್ಬಳೇ ಬಸ್ಸಿಗೆ ಬಂದೆ. ಆಮೇಲೆ ಎಷ್ಟೋ ದಿನ ಅವನು ಮಾತು ಬಿಟ್ಟದ್ದು ನನ್ನ ಜೊತೆ, ಆಡಿಸದವರ ಜೊತೆ ಅಲ್ಲ. ಎಸ್ಸೆಗೆ ಬಹುಮಾನ ಬಂತು. ಸರ್ಟಿಫಿಕೇಟನ್ನು ಅವನು ಓದಿ ಸಹ ನೋಡಲಿಲ್ಲ. ಎಸ್ಸೆ ಮುಗಿಸು ಅಂದದ್ದು ಸರಿಯೇ ಅಂತ ನಾನು ಇವತ್ತೂ ಹೇಳುತ್ತೇನೆ.

ಟೂರ್ನಮೆಂಟಿನ ಕಪ್ಪು ಮುಂದೆ ಯಾವತ್ತೂ ನಮ್ಮೂರಿಗೆ ಬರಲಿಲ್ಲ. ಕೆಲವು ವರ್ಷಕ್ಕೆ ಕ್ಲಬ್ಬು ಮುಚ್ಚಿತು, ಕೋಚ್ ತಮ್ಮೂರು ಬಳ್ಳಾರಿಗೆ ಮರಳಿದರು. ಪೀಡೆ ತೊಲಗಿತು ಅಂದುಕೊಂಡೆ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಶಾಲೆಯ ಸುವರ್ಣ ಮಹೋತ್ಸವ ಬಂತು. ನಾನು ರಿಟೈರ್ ಆಗಿದ್ದೆ. ಆದರೂ ನನ್ನನ್ನು ಕಮಿಟಿಗೆ ಹಾಕಿಕೊಂಡರು, ಬಿನ್ನವತ್ತಳೆ ಬರೆಯಲು ಜನ ಬೇಕಲ್ಲ! ಸನ್ಮಾನದ ದಿನ ವೇದಿಕೆಯ ಮೇಲೆ ಒಬ್ಬರ ಗುಣಗಾನ ಓದಿ, ಅದನ್ನೇ ಕಟ್ಟು ಹಾಕಿಸಿ ಕೈಗೆ ಕೊಡುತ್ತಾರಲ್ಲ, ಅದು. ಊರಿನ ಬಿನ್ನವತ್ತಳೆಗಳೆಲ್ಲ ನನ್ನ ಕೈಯಿಂದಲೇ ಆಗಿವೆ. ನನಗೆ ಮಾತ್ರ ಯಾರೂ ಬರೆದಿಲ್ಲ. ಬರೆಯಬೇಕೆಂದರೂ ನನ್ನನ್ನೇ ಕೇಳಬೇಕಾಗಿತ್ತು.

ಖಾಲಿ ಮೊಳೆಗೆ ಒಬ್ಬರ ಫೋಟೋ ಹಾಕಬೇಕು ಅಂತ ಕಮಿಟಿಯಲ್ಲಿ ತೀರ್ಮಾನವಾಯಿತು. ಯಾರದು ಅಂತ ಕೇಳಿದಾಗ ನಾನು ಸೆರಗು ಸರಿ ಮಾಡಿಕೊಂಡೆ. ಹಳೆಯ ವಿದ್ಯಾರ್ಥಿಗಳ ಪರವಾಗಿ ನನ್ನ ಮಗ ಎದ್ದು ನಿಂತ. ಆಗಲೇ ಬ್ಯಾಂಕಿನಲ್ಲಿ ಆಫೀಸರ್ ಆಗಿದ್ದ. “ನಮ್ಮ ಫುಟ್‌ಬಾಲ್ ಗುರುಗಳದ್ರಿ,” ಅಂದ. ನನ್ನ ಕಡೆ ನೋಡಲೂ ಇಲ್ಲ.

ಕಮಿಟಿಯ ಅಧ್ಯಕ್ಷರು ಅದೇ ದಲಾಲಿ ಅಂಗಡಿ ಸಾಹುಕಾರರು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಗೋಡಿ ಮ್ಯಾಲೆ ಇರೋರೆಲ್ಲ ಶಾಲಿಗೆ ಏನರ ಕೊಟ್ಟೋರಪ್ಪ. ಇವ್ರು ಪಗಾರ ತಗೊಂಡು ಹೋದೋರು. ಒಂದು ಕಪ್ಪನ್ನರ ತಂದಾರೇನು? ಅದೂ ಇಲ್ಲ. ಸಾಲದ್ದಕ್ಕ ಇನ್ನಾ ಜೀವಂತ ಅದಾರ!”

“ಜೀವಂತ ಇರೋದು ತಪ್ಪೇನ್ರಿ ಕಾಕಾ?”

“ತಪ್ಪಲ್ಲೋ. ಆದ್ರ ಈ ಸಾಲಿನಾಗ ನಿಂದ್ರಾಕ ಯಾರೂ ಅವಸರ ಮಾಡಬಾರದು.”

ಎಲ್ಲರೂ ನಕ್ಕರು. ಮಗನ ಕಿವಿ ಕೆಂಪಾಯಿತು. “ಅವರು ದೇವರಂಥೋರ್ರಿ,” ಅಂದ.

“ದೇವರಾದ್ರ ಗುಡಿ ಕಟ್ಟಸು. ಏನ್ ಮಾಡ್ಯಾರ ಅದನ್ನ ಹೇಳು.”

ಮಗ ತಡವರಿಸಿದ. ಶಿಸ್ತು ಅಂದ, ಸಂಸ್ಕಾರ ಅಂದ, ಮಾರ್ಗದರ್ಶನ ಅಂದ. ಪ್ರೀತಿ ಬಹಳ ಇದ್ದವರ ಬಾಯಲ್ಲಿ ಇಂಥ ದೊಡ್ಡ ದೊಡ್ಡ ಮಾತುಗಳೇ ಬರುತ್ತವೆ. ಸಾಹುಕಾರರು ನನ್ನ ಕಡೆ ತಿರುಗಿದರು. “ಮೇಡಮ್ಮಾರ, ನೀವು ಏನಂತೀರಿ?”

ಇದೇ ಚಾನ್ಸ್ ಅಂತ ನಾನು ಎದ್ದೆ. ಬೇಡ ಅನ್ನಲಿಕ್ಕೇ ಎದ್ದವಳು. ಅಷ್ಟು ವರ್ಷ ಗೇಟಿನ ಹತ್ತಿರ ನಿಂತು ಕೂಡಿಸಿಟ್ಟ ಸಿಟ್ಟೆಲ್ಲ ಸಾಲಾಗಿ ಬಂತು. ಓದುವ ಹುಡುಗರ ಕೈಯಲ್ಲಿ, ಕೈಯಲ್ಲ ಕಾಲಲ್ಲಿ, ನಿಮ್ಮ ಜೋಳ ತಿರುವಿಸಿದರು ಅಂದೆ. ಹುಡುಗರು ಉಂಡರೋ ಇಲ್ಲವೋ ಅಂತ ಮನೆಮನೆಗೆ ಬಂದು ತಾಯಂದಿರನ್ನೇ ವಿಚಾರಣೆ ಮಾಡುತ್ತಿದ್ದರು, ನಮ್ಮ ಮನೆಗೂ ಬಂದಿದ್ದರು, ನನಗೆ ಇನ್ಸಲ್ಟ್ ಆಯಿತು ಅಂದೆ. ಊರಿನವರು, ಕೇರಿಯವರು ಎನ್ನದೆ ಎಲ್ಲರಿಗೂ ಕುಡಿಯಲು ಒಂದೇ ಕೊಡ, ಒಂದೇ ಲೋಟ. ಯಾರ ಮನೆಯವರನ್ನೂ ಒಂದು ಮಾತು ಕೇಳಲಿಲ್ಲ ಅಂದೆ. ಕಡೆಗೆ ಕೊಟ್ಟೂರಿನ ಫೈನಲ್ ಹೇಳಿದೆ. “ಗೆಲ್ಲಿಸುವ ಹುಡುಗ ಕಣ್ಣೆದುರು ಕೂತಿದ್ದಾನೆ, ಕಪ್ಪು ಅಲ್ಲೇ ಮೇಜಿನ ಮೇಲಿದೆ. ತಡವಾಗಿ ಬಂದ ಅಂತ ಇಳಿಸಲಿಲ್ಲ. ಹಲವಾಗಲಿನ ಹುಡುಗನಿಗೆ ಹೊರಗೆ ಬಾ ಅನ್ನಲಾರೆ ಅಂತ ಕಪ್ಪನ್ನೇ ಬಿಟ್ಟುಬಂದರು. ಸಂಬಳ ಕೊಟ್ಟು ಕರೆಸಿದ್ದು ಇದಕ್ಕೇನು? ಇದೂ ಒಂದು ಕೋಚಿಂಗೇ?”

ಕೂತೆ. ಸಾಹುಕಾರರು ಕನ್ನಡಕ ಮತ್ತೆ ಹಾಕಿಕೊಂಡರು.

“ಕಪ್ಪು ಹೋಗಿದ್ದು ಹಿಂಗೇನ್ರಿ? ಇಷ್ಟು ವರ್ಷ ನಾವು ಆ ಮನುಷ್ಯಾಗ ಆಟ ಬರಂಗಿಲ್ಲ ಅಂತ ತಿಳಕೊಂಡಿದ್ವಿ.” ಕುರ್ಚಿ ಮುಂದಕ್ಕೆ ಎಳೆದುಕೊಂಡರು. “ಪಗಾರಕ್ಕ ಬಂದೋನು ಕಪ್ಪು ಬಿಟ್ಟಾನ, ಹುಡುಗನ್ನ ಬಿಟ್ಟಿಲ್ಲ. ನನ್ನ ಜ್ವಾಳದಾಗ ಒಂದು ಕಾಳು ಸೈತ ಒಡೆದಿದ್ದಿಲ್ಲ, ನಂಗ ನೆಪ್ಪೈತಿ. ಹಾಕ್ರಪಾ ಫೋಟೋ. ಮೇಡಮ್ಮಾರು ಇಷ್ಟು ಹೇಳಿದ ಮ್ಯಾಲೆ ಇನ್ನೇನೈತಿ?”

ಮಗ ಓಡಿ ಬಂದು ನನ್ನ ಕೈ ಹಿಡಿದ. “ಥ್ಯಾಂಕ್ಸ್ ಅವ್ವಾ,” ಅಂದ. ಅವನ ಕಣ್ಣು ತುಂಬಿತ್ತು. ನನ್ನ ಕೈಯನ್ನು ಅವನು ಹಾಗೆ ಹಿಡಿದು ಎಷ್ಟು ಕಾಲವಾಗಿತ್ತೋ. ‘ನಾನು ಹೇಳಿದ್ದು ಬೇಡ ಅಂತ’ ಅನ್ನುವ ಮಾತು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಅಷ್ಟಾದರೂ ನನ್ನ ಪಾಲಿಗಿರಲಿ.

ಬಿನ್ನವತ್ತಳೆಗೆ ಮಗನೇ ಒಂದು ಡ್ರಾಫ್ಟ್ ತಂದುಕೊಟ್ಟ. ಕ್ರೀಡಾರತ್ನ, ಕರುಣಾಸಿಂಧು ಅಂತೆಲ್ಲ ಬರೆದಿದ್ದ. ಎಲ್ಲ ಹೊಡೆದುಹಾಕಿ ನಾನೇ ಬರೆದೆ: ಜೋಳ, ಕೊಡ, ಲೋಟ, ಕೊಟ್ಟೂರಿನ ಬಿಸಿಲು. ಬರೆಯುತ್ತಾ ಗೊತ್ತಾಯಿತು, ಆ ಮನುಷ್ಯ ಯಾವ ಕೈಯಲ್ಲಿ ಸೀಟಿ ಹಿಡಿಯುತ್ತಿದ್ದರು ಅನ್ನುವುದು ಸಹ ನನಗೆ ನೆನಪಿದೆ. ಎಡಗೈ. ನಮ್ಮ ಮನೆಯವರು ಯಾವ ಕೈಗೆ ಗಡಿಯಾರ ಕಟ್ಟುತ್ತಿದ್ದರು ಅಂದರೆ ಯೋಚಿಸಬೇಕು.

ಸಮಾರಂಭದ ದಿನ ಕೋಚ್ ಬಂದರು. ಕೈಯಲ್ಲಿ ಕೋಲಿತ್ತು, ಬೆನ್ನು ನೆಟ್ಟಗಿತ್ತು. ಮೊದಲು ಸಭಾಂಗಣದ ಒಳಗೆ ಫೋಟೋ ತೋರಿಸಲು ಕರೆದೊಯ್ದರು. ಅಲ್ಲೊಂದು ಯಡವಟ್ಟಾಗಿತ್ತು. ಶಾಲೆಯ ಜವಾನ ಎಂದಿನಂತೆ ಬೆಳಿಗ್ಗೆ ಎದ್ದು ಸಾಲಿನ ಫೋಟೋಗಳಿಗೆಲ್ಲ ಕುಂಕುಮ ಹಚ್ಚಿ, ಗಂಧದ ಹಾರ ಹಾಕಿ, ಊದಬತ್ತಿ ಸಿಗಿಸಿದ್ದ. ಹೊಸ ಫೋಟೋಕ್ಕೂ ಅದೇ ಮರ್ಯಾದೆ. ಸಾಹುಕಾರರು ನಾಲಿಗೆ ಕಚ್ಚಿಕೊಂಡರು. ನಮ್ಮ ಕಡೆ ಹಾಗೆ ಪೂಜೆಯಾಗುವುದು ತೀರಿಕೊಂಡವರಿಗೆ ಮಾತ್ರ.

ಕೋಚ್ ತಮ್ಮ ಫೋಟೋದ ಮುಂದೆ ನಿಂತು ಊದಬತ್ತಿಯ ಹೊಗೆ ನೋಡಿದರು. “ಅಲ್ರಿ, ನಾ ಯಾವಾಗ ಹೋದೆ? ಮನ್ಯಾಗ ಒಂದು ಮಾತು ತಿಳಿಸಬೇಕಿತ್ತು. ಪಾಪ, ಸಂಜಿಗೆ ನನ್ನ ಹೆಂಡತಿ ರೊಟ್ಟಿ ಬಡಿತಾಳ.” ಜವಾನ ಅಳುವಂತಾದ. ಇವರು ಅವನ ಬೆನ್ನು ತಟ್ಟಿ, ಹಾರ ತೆಗೆದು ಪಕ್ಕದ ಫೋಟೋದ ಹೆಡ್‌ಮಾಸ್ಟರಿಗೆ ಹಾಕಿ ಬಂದರು.

ವೇದಿಕೆಯ ಮೇಲೆ ಮಗ ಬಿನ್ನವತ್ತಳೆ ಓದಿದ. ಓದುತ್ತಾ ಎರಡು ಕಡೆ ಅವನ ದನಿ ನಡುಗಿತು. ಅಕ್ಷರ ನನ್ನವು, ನಡುಕ ಮಾತ್ರ ಕೋಚಿಗೆ ಸೇರಿದ್ದು. ಕೋಚ್ ಮೈಕ್ ಹಿಡಿದು, “ನನ್ನ ಹೆಂಡತಿ ಸೈತ ನನ್ನ ಇಷ್ಟು ನೋಡಿಲ್ರಿ. ಯಾರು ಬರದದ್ದು?” ಅಂದರು.

“ನಮ್ಮವ್ವ,” ಅಂದ ಮಗ.

ಮುಂದಿನ ಸಾಲಿನಲ್ಲಿದ್ದ ನನಗೆ ಅವರು ಅಲ್ಲಿಂದಲೇ ಕೈ ಮುಗಿದರು. “ಗೇಟಿನ ಹತ್ರ ದಿನಾ ನಿಂದ್ರತಿದ್ರಿ ಮೇಡಂ. ಮಗನ ಮ್ಯಾಲಿನ ಜೀವ ಅಂದ್ಕೊಂಡಿದ್ದೆ. ನಮ್ಮ ಮ್ಯಾಲೂ ಇತ್ತಲ್ರಿ!” ಚಪ್ಪಾಳೆ ಬಿತ್ತು. ನಾನು ಕಾನ್ವೆಂಟಿನಲ್ಲಿ ಕಲಿತ ಸ್ಮೈಲ್ ಕೊಟ್ಟೆ.

ಕಾರ್ಯಕ್ರಮ ಮುಗಿದ ಮೇಲೆ ಮಗ ಅವರ ಶಾಲು, ಹಣ್ಣಿನ ಬುಟ್ಟಿ, ಕಟ್ಟು ಹಾಕಿಸಿದ ಬಿನ್ನವತ್ತಳೆ ಎಲ್ಲವನ್ನೂ ಹೊತ್ತುಕೊಂಡು ಬಳ್ಳಾರಿ ಬಸ್ಸಿಗೆ ಬಿಡಲು ಹೋದ. ಹಿಂದೆ ಚೆಂಡಿನ ಚೀಲ ಹೊತ್ತು ಹೋದನಲ್ಲ, ಅದೇ ನಡಿಗೆ. ಬರ್ತೀನಿ ಇಲ್ಲೇ ಇರವ್ವಾ ಅಂದಿದ್ದ. ಕುರ್ಚಿಗಳನ್ನೆಲ್ಲ ಎತ್ತಿಟ್ಟರೂ ಬರಲಿಲ್ಲ. ನಾನು ಸಭಾಂಗಣದ ಒಳಗೆ ಹೋದೆ.

ಫೋಟೋದ ಗಾಜಿನ ಮೇಲೆ ಕುಂಕುಮ ಹಾಗೇ ಇತ್ತು. ಹಾರ ತೆಗೆದವರು ಅದನ್ನು ಮರೆತಿದ್ದರು. ಜೀವಂತ ಇರುವ ಮನುಷ್ಯನ ಹಣೆಗೆ ಅದು ಇರಬಾರದು. ನನಗೆ ಹೊಟ್ಟೆಕಿಚ್ಚು ಎಷ್ಟೇ ಇರಲಿ, ಅಂಥದ್ದನ್ನು ಬಯಸಿದವಳಲ್ಲ. ಸೆರಗಿನ ತುದಿಗೆ ಎಂಜಲು ಮುಟ್ಟಿಸಿ ಒರೆಸಿದೆ. ಗಾಜು ಸ್ವಚ್ಛವಾಯಿತು, ಮೀಸೆಯ ಕೆಳಗಿನ ನಗು ಕಾಣಿಸಿತು. ಒರೆಸಿದ ರಭಸಕ್ಕೆ ಫ್ರೇಮು ಎಡಕ್ಕೆ ಸ್ವಲ್ಪ ವಾಲಿತು. ಎರಡು ಹೆಜ್ಜೆ ಹಿಂದೆ ಸರಿದು ನೋಡಿದೆ. ಸಾಲು ನೆಟ್ಟಗಿರಲಿಲ್ಲ.

ಹಾಗೇ ಬಿಟ್ಟು ಮನೆಗೆ ಬಂದೆ.